ಉಯ್ಯಾಲೆ ನೋಡಿ ಮುಂಗಡ ಕಟ್ಟಬೇಡಿ

ಬೆಂಗಳೂರಿನ ಒಂದು ಬಡಾವಣೆ. ಒಂದನೇ ತರಗತಿಯ ಹುಡುಗ, ವಯಸ್ಸು ಆರು. ಕ್ಲಾಸಿನಲ್ಲಿ ಕೂತಲ್ಲಿ ಕೂರುವುದಿಲ್ಲ, ಕರೆದರೆ ತಿರುಗುವುದಿಲ್ಲ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ, ಅಂಗಿಯ ಕಾಲರಿನ ಲೇಬಲ್ ಕತ್ತರಿಸದೆ ತೊಡುವುದಿಲ್ಲ, ಕ್ಷೌರಕ್ಕೆ ಕರೆದುಕೊಂಡು ಹೋದರೆ ರಂಪ. ಶಾಲೆಯವರು ‘ಒಂದು ಅಸೆಸ್‌ಮೆಂಟ್ ಮಾಡಿಸಿಬಿಡಿ’ ಅಂದರು. ಅಪ್ಪ ಅಮ್ಮ ಮನೆಗೆ ಹತ್ತಿರದ ಖಾಸಗಿ ಥೆರಪಿ ಸೆಂಟರ್‌ಗೆ ಹೋದರು. ಬಾಲ್ ಪೂಲ್, ಬಣ್ಣಬಣ್ಣದ ಮ್ಯಾಟು, ಸೀಲಿಂಗಿನಿಂದ ಇಳಿಬಿಟ್ಟ ನಾಲ್ಕು ಥರದ ಉಯ್ಯಾಲೆ. 40 ನಿಮಿಷದ ಅಸೆಸ್‌ಮೆಂಟ್ ಆಯಿತು. ಸಂಜೆಗೇ ವಾಟ್ಸಾಪ್‌ನಲ್ಲಿ ರಿಪೋರ್ಟ್ ಬಂತು: ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್ (ಸದ್ದು, ಸ್ಪರ್ಶದಂಥವನ್ನು ಮೆದುಳು ಸರಿಯಾಗಿ ನಿಭಾಯಿಸದ ತೊಂದರೆ), ಜೊತೆಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ), ವಾರಕ್ಕೆ ಆರು ಸೆಷನ್, 12 ವಾರ. ಅಂದರೆ 72 ಸೆಷನ್, ತಲಾ 900 ರೂಪಾಯಿ, ಒಟ್ಟು 64,800. ಇವತ್ತೇ ಕಟ್ಟಿದರೆ 58,000. ಕಟ್ಟಿದರು.

ಪ್ಯಾಕೇಜ್ ಮುಗಿಯುವ ಹೊತ್ತಿಗೆ ಹುಡುಗ ಉಯ್ಯಾಲೆ ಮೇಲೆ ಚೆನ್ನಾಗಿ ಕೂರುತ್ತಿದ್ದ. ಶಾಲೆಯ ಬೆಂಚಿನ ಮೇಲೆ ಮಾತ್ರ ಮೊದಲಿನ ಹಾಗೇ. ಆಮೇಲೆ ಯಾವುದೋ ನೆಗಡಿಗೆ ಇಎನ್‌ಟಿ ಡಾಕ್ಟರ ಹತ್ತಿರ ಹೋದಾಗ ಎರಡೂ ಕಿವಿಯ ತಮಟೆಯ ಹಿಂದೆ ನೀರು ತುಂಬಿರುವುದು ಗೊತ್ತಾಯಿತು. ‘ಕರೆದರೆ ತಿರುಗುವುದಿಲ್ಲ’ ಅನ್ನುವ ದೂರಿನ ದೊಡ್ಡ ಪಾಲು ಅಲ್ಲಿತ್ತು. ಕಿವಿ ಸರಿಹೋದ ಮೇಲೂ ಚಡಪಡಿಕೆ, ಲೇಬಲ್, ಕ್ಷೌರದ ಕಷ್ಟ ಉಳಿದವು, ಅವಕ್ಕೆ ನಿಜವಾದ ಪರೀಕ್ಷೆ, ನಿಜವಾದ ಥೆರಪಿ ಬೇಕಾಯಿತು. ಆದರೆ ಅಷ್ಟರಲ್ಲಿ ದುಡ್ಡೂ ಹೋಗಿತ್ತು, ಒಂದನೇ ತರಗತಿಯ ಅರ್ಧ ವರ್ಷವೂ ಹೋಗಿತ್ತು.

ಈ ಪ್ರಕರಣದ ಕಾಗದಗಳನ್ನು ಒಂದೊಂದಾಗಿ ನೋಡಿದರೆ ಎಲ್ಲಿ ಎಡವಟ್ಟಾಯಿತು ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಇಂಥದ್ದೇ ಪದ್ಧತಿಯ ಜಾಗಗಳು ಇನ್ನೂ ಇವೆ, ಅದಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲು ರಿಪೋರ್ಟ್. ‘ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್’ ಅನ್ನುವುದು ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ (2013) ಪ್ರತ್ಯೇಕ ಕಾಯಿಲೆಯಾಗಿ ಇಲ್ಲವೇ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ, ಇದನ್ನು ರೋಗನಿರ್ಣಯವಾಗಿ ಬರೆಯಬೇಡಿ ಎಂದು ತನ್ನ ವೈದ್ಯರಿಗೆ ಹೇಳಿತ್ತು. ಹಾಗಂತ ಮಗುವಿನ ಕಷ್ಟ ಸುಳ್ಳಲ್ಲ. ಸದ್ದು, ಸ್ಪರ್ಶ, ಬೆಳಕು ತಡೆಯಲಾಗದ ಮಕ್ಕಳಿದ್ದಾರೆ. ಆಟಿಸಂನಲ್ಲಿ ಅದು ಲಕ್ಷಣಗಳ ಪಟ್ಟಿಯಲ್ಲೇ ಇದೆ, ಎಡಿಎಚ್‌ಡಿ ಇರುವ ಮಕ್ಕಳಲ್ಲೂ, ಆತಂಕದ ಮಕ್ಕಳಲ್ಲೂ ಕಾಣುತ್ತದೆ. ಹಾಗಾಗಿಯೇ ‘ಸೆನ್ಸರಿ’ ಅಂತ ಒಂದು ಚೀಟಿ ಅಂಟಿಸಿ ನಿಲ್ಲಿಸಿದರೆ ಅದರ ಹಿಂದಿರುವುದು ಏನು ಅನ್ನುವುದು ಮುಚ್ಚಿಹೋಗುತ್ತದೆ.

ಎಡಿಎಚ್‌ಡಿ ಇದೆ ಎಂದು 40 ನಿಮಿಷದಲ್ಲಿ, ಒಂದೇ ಕೋಣೆಯಲ್ಲಿ ಹೇಳಲು ಬರುವುದಿಲ್ಲ. ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ಅಥವಾ ಅತಿಚಟುವಟಿಕೆ, ಆತುರದ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಆರು ಇರಬೇಕು, ಆರು ತಿಂಗಳಿಂದ ಇರಬೇಕು, 12 ವರ್ಷದ ಒಳಗೆ ಶುರುವಾಗಿರಬೇಕು, ಮನೆ ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಶಾಲೆಯಲ್ಲಿ ಹೇಗಿದ್ದಾನೆ ಅನ್ನುವುದನ್ನು ಹೇಳಬೇಕಾದವರು ಕ್ಲಾಸ್ ಟೀಚರ್. ಅದಕ್ಕಾಗಿಯೇ ವ್ಯಾಂಡರ್‌ಬಿಲ್ಟ್, ಕಾನರ್ಸ್ ಥರದ ಫಾರಂಗಳಲ್ಲಿ ಪೋಷಕರಿಗೆ ಒಂದು, ಟೀಚರಿಗೆ ಒಂದು ಇರುತ್ತದೆ. ಈ ಹುಡುಗನ ಟೀಚರಿಗೆ ಯಾರೂ ಒಂದು ಫೋನೂ ಮಾಡಿರಲಿಲ್ಲ. ರೋಗನಿರ್ಣಯ ಬರೆಯಬೇಕಾದವರು ಮಕ್ಕಳ ಮನೋವೈದ್ಯರು, ಬೆಳವಣಿಗೆಯ ವಿಷಯದಲ್ಲಿ ತರಬೇತಿ ಇರುವ ಮಕ್ಕಳ ವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ಓಟಿ, ಅಂದರೆ ಆಕ್ಯುಪೇಷನಲ್ ಥೆರಪಿಸ್ಟ್, ಮಗುವಿಗೆ ಏನು ಕಷ್ಟ, ಎಷ್ಟು ಕಷ್ಟ ಎಂದು ಅಳೆಯುತ್ತಾರೆ. ಒಬ್ಬರೇ ಕೂತು ಎಡಿಎಚ್‌ಡಿ ಎಂದು ಮೊಹರು ಒತ್ತುವುದು ಅವರ ಕೆಲಸವಲ್ಲ. ‘ಸೆನ್ಸರಿ ಪ್ರೊಫೈಲ್’ ಅನ್ನುವ ಹೆಸರು ಕೇಳಿ ಏನೋ ಯಂತ್ರದ ಪರೀಕ್ಷೆ ಅಂದುಕೊಳ್ಳುವವರಿದ್ದಾರೆ. ಅದು ಅಮ್ಮನೋ ಅಪ್ಪನೋ ತುಂಬುವ ಪ್ರಶ್ನಾವಳಿ.

ಥೆರಪಿ ಶುರು ಮಾಡುವ ಮೊದಲೇ ಆಗಬೇಕಾದ ಪರೀಕ್ಷೆಗಳಿವೆ, ಒಂದು ವಾರದ ಸೆಷನ್ ಫೀಸಿಗಿಂತ ಕಡಿಮೆ ಖರ್ಚಿನವೇ ಹೆಚ್ಚು. ಕಿವಿಗೆ ಆಡಿಯೋಗ್ರಾಂ ಮತ್ತು ಇಂಪಿಡೆನ್ಸ್ ಟೆಸ್ಟ್ (ತಮಟೆಯ ಹಿಂದೆ ನೀರಿದ್ದರೆ ಸಿಗುವುದು ಎರಡನೆಯದರಲ್ಲೇ). ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಶ್ರವಣದ ತೊಂದರೆ ಇರಲಾರದು ಅನ್ನುವುದು ತಪ್ಪು ತಿಳಿವಳಿಕೆ, ಎರಡೂ ಒಟ್ಟಿಗೆ ಇರಬಹುದು. ಕಣ್ಣಿನ ಪರೀಕ್ಷೆ. ರಕ್ತದಲ್ಲಿ ಹಿಮೋಗ್ಲೋಬಿನ್, ಕಬ್ಬಿಣಾಂಶ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನೆಯೇ? ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ದಪ್ಪವಾಗಿ ನಿದ್ದೆ ಕೆಟ್ಟ ಮಗು ಹಗಲೆಲ್ಲ ಚಡಪಡಿಸುತ್ತದೆ, ದೊಡ್ಡವರ ಹಾಗೆ ತೂಕಡಿಸುವುದಿಲ್ಲ. ಇನ್ನೊಂದು, ಮಾತಿನ ಮಧ್ಯೆ, ಊಟದ ಮಧ್ಯೆ ಹತ್ತು ಸೆಕೆಂಡು ಶೂನ್ಯ ನೋಡುತ್ತಾ ನಿಂತು ಏನೂ ಆಗದ ಹಾಗೆ ಮುಂದುವರಿಸುತ್ತಾನೆಯೇ? ಅದು ಗಮನದ ಕೊರತೆಯಲ್ಲ, ಒಂದು ಬಗೆಯ ಫಿಟ್ಸ್ ಇರಬಹುದು. ಮೊಬೈಲಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಇಇಜಿ (ಮೆದುಳಿನ ತರಂಗಗಳ ಪರೀಕ್ಷೆ) ಬೇಕೋ ಬೇಡವೋ ಅವರು ಹೇಳುತ್ತಾರೆ.

ಎರಡನೆಯ ಕಾಗದ, ಥೆರಪಿಸ್ಟರ ವಿಸಿಟಿಂಗ್ ಕಾರ್ಡ್. ‘ಸೆನ್ಸರಿ ಎಕ್ಸ್‌ಪರ್ಟ್’, ‘ಚೈಲ್ಡ್ ಡೆವಲಪ್‌ಮೆಂಟ್ ಕನ್ಸಲ್ಟೆಂಟ್’ ಇವು ಪದವಿಗಳಲ್ಲ. ಓಟಿಗೆ ಬ್ಯಾಚಲರ್ ಆಫ್ ಆಕ್ಯುಪೇಷನಲ್ ಥೆರಪಿ ಬೇಕು, ನಾಲ್ಕು ವರ್ಷ ಓದು, ಆಮೇಲೆ ಇಂಟರ್ನ್‌ಶಿಪ್. ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೆಷಲ್ ಎಜುಕೇಟರ್ ಇವರೆಲ್ಲ 1992ರ ಕಾಯ್ದೆಯಡಿಯ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಮಾಡಿಸಿರಬೇಕು. ಅವರ ಸಿಆರ್‌ಆರ್ ನಂಬರ್ (ಕೌನ್ಸಿಲ್ಲಿನ ನೋಂದಣಿ ಸಂಖ್ಯೆ) ಕೇಳಿ, ಕೌನ್ಸಿಲ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಓಟಿಗಳು ಆ ಕೌನ್ಸಿಲ್ ವ್ಯಾಪ್ತಿಗೆ ಬರುವುದಿಲ್ಲ, ಅವರು 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಡಿ ಬರುತ್ತಾರೆ. ಹಾಗಾಗಿ ಓಟಿಗೆ ಸಿಆರ್‌ಆರ್ ನಂಬರ್ ಇಲ್ಲ ಎಂದು ಅನುಮಾನಿಸಬೇಡಿ, ಡಿಗ್ರಿ ಸರ್ಟಿಫಿಕೇಟು ಮತ್ತು ಅಖಿಲ ಭಾರತ ಓಟಿ ಸಂಘದ ಸದಸ್ಯತ್ವ ಕೇಳಿ. ಬೋರ್ಡಿನ ಮೇಲಿನ ಹೆಸರಿಗಿಂತ ಮುಖ್ಯ, ದಿನಾ ಮಗುವಿನ ಜೊತೆ ಕೂರುವವರು ಯಾರು ಅನ್ನುವುದು. ಆ ಸೆಂಟರಿನಲ್ಲಿ ಪದವಿ ಇದ್ದವರು ಅಸೆಸ್‌ಮೆಂಟ್ ದಿನ ಬಂದರು; ಉಳಿದ ದಿನ ಹುಡುಗನನ್ನು ನೋಡಿಕೊಂಡದ್ದು 40 ಗಂಟೆಯ ಆನ್‌ಲೈನ್ ಕೋರ್ಸ್ ಮುಗಿಸಿದ ಸಹಾಯಕಿ, ಅದೂ ಮೂರು ತಿಂಗಳಲ್ಲಿ ಮೂವರು ಬದಲಾದರು.

ಇನ್ನು ಉಯ್ಯಾಲೆ. ಸೆನ್ಸರಿ ಇಂಟಿಗ್ರೇಷನ್ ಅನ್ನುವ ಪದ್ಧತಿಯನ್ನು ಕಟ್ಟಿದವರು ಅಮೆರಿಕದ ಓಟಿ ಜೀನ್ ಏರ್ಸ್. ಅವರ ವಿಧಾನದಲ್ಲಿ ಮಗು ಆಟ ಆರಿಸುತ್ತದೆ, ಥೆರಪಿಸ್ಟ್ ಅದನ್ನು ಒಂದು ಕೂದಲೆಳೆಯಷ್ಟು ಕಷ್ಟ ಮಾಡುತ್ತಾರೆ, ಮಗು ಹೊಂದಿಕೊಂಡ ಮೇಲೆ ಇನ್ನೊಂದಿಷ್ಟು. ಪ್ಲಾಟ್‌ಫಾರ್ಮ್ ಉಯ್ಯಾಲೆಯ ಮೇಲೆ ಬೋರಲು ಮಲಗಿ, ಅದು ತೂಗುತ್ತಿರುವಾಗಲೇ ನೆಲದ ಮೇಲಿನ ಚೀಲ ಎತ್ತಿ ಬುಟ್ಟಿಗೆ ಹಾಕುವುದು ಅಂತಿಟ್ಟುಕೊಳ್ಳಿ, ಕತ್ತು, ಬೆನ್ನು, ಕಣ್ಣು, ಕೈ ಎಲ್ಲ ಒಟ್ಟಿಗೆ ದುಡಿಯಬೇಕು. ಸುಮ್ಮನೆ ಕೂರಿಸಿ ತೂಗಿದರೆ ಅದು ಪಾರ್ಕಿನ ಜೋಕಾಲಿ, ಅಲ್ಲಿ ಪುಕ್ಕಟೆ ಸಿಗುತ್ತದೆ. ಆ ಸೆಂಟರಿನ ದಿನಚರಿ ಹಾಳೆಯಲ್ಲಿ ಇದ್ದದ್ದು ಟ್ರ್ಯಾಂಪೊಲಿನ್ ಮೇಲೆ 50 ಜಿಗಿತ, ಉಯ್ಯಾಲೆ 5 ನಿಮಿಷ, ಬ್ಯಾಲೆನ್ಸ್ ಬೀಮ್ 10 ಸುತ್ತು, ಬ್ರಶಿಂಗ್ (ಬ್ರಶ್ಶಿನಿಂದ ಮೈ ಉಜ್ಜುವುದು), ಬಾಲ್ ಪೂಲ್. ಅದೇ ಹಾಳೆ ಮಾತು ಬಾರದ ಮೂರು ವರ್ಷದ ಮಗುವಿಗೂ, ಹತ್ತು ವರ್ಷದ ಹುಡುಗಿಗೂ. ಅಮೆರಿಕದ ಓಟಿಗಳ ಸಂಘವೇ 2018ರಲ್ಲಿ ತನ್ನವರಿಗೆ ಹೇಳಿದೆ: ಇಂದ್ರಿಯದ ತೊಂದರೆ ಇದೆ ಎಂದು ಆ ಮಗುವಿನ ಅಸೆಸ್‌ಮೆಂಟಿನಲ್ಲಿ ದಾಖಲಾಗದೆ ಇಂಥ ಥೆರಪಿ ಕೊಡಬೇಡಿ.

ಗಿರಗಿರ ತಿರುಗಿಸುವುದರ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು. ಒಳಕಿವಿಯ ಸಮತೋಲನದ ಅಂಗ ಅತಿಯಾಗಿ ಕೆರಳಿದರೆ ಮುಖ ಬಿಳಿಚಿಕೊಳ್ಳುತ್ತದೆ, ಬೆವರು, ಆಕಳಿಕೆ, ವಾಕರಿಕೆ. ಇವು ಕಂಡ ತಕ್ಷಣ ನಿಲ್ಲಿಸಬೇಕು. ಪರಿಣಾಮ ಕೆಲವೊಮ್ಮೆ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ, ಅದಕ್ಕೇ ಸೆಷನ್ ಆದ ದಿನ ಊಟ, ನಿದ್ದೆ, ರಂಪ ಹೇಗಿತ್ತು ಎಂದು ಒಂದು ಸಾಲು ಬರೆದಿಡಿ. ಫಿಟ್ಸ್ ಇತಿಹಾಸ ಇದ್ದರೆ ಮೊದಲೇ ಹೇಳಿ. ಸೀಲಿಂಗಿನ ಕೊಕ್ಕೆ, ಹಗ್ಗ, ಕೆಳಗಿನ ಮ್ಯಾಟು ನೀವೇ ಕಣ್ಣಾರೆ ನೋಡಿ. ಸಹಾಯಕರು ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಉಯ್ಯಾಲೆ ತಳ್ಳುತ್ತಿದ್ದರೆ ಬೇರೇನೂ ಕೇಳಬೇಕಾಗಿಲ್ಲ, ಹೊರಟುಬಿಡಿ.

ಬ್ರಶಿಂಗ್ ಎರಡು ಗಂಟೆಗೊಮ್ಮೆ ಮೃದುವಾದ ಸರ್ಜಿಕಲ್ ಬ್ರಶ್‌ನಿಂದ, ಗಟ್ಟಿಯಾದ ಒತ್ತಡದಲ್ಲಿ, ಮುಖ, ಎದೆ ಮತ್ತು ಹೊಟ್ಟೆ ಬಿಟ್ಟು ಮಾಡುವ ಕ್ರಮ. ಅದಕ್ಕೆ ಸಂಶೋಧನೆಯ ಬೆಂಬಲ ತೆಳು. ಅದರಲ್ಲೂ ಹಗುರವಾಗಿ ಸವರಿದರೆ ಉಲ್ಟಾ ಹೊಡೆಯುತ್ತದೆ: ಸ್ಪರ್ಶ ತಡೆಯಲಾಗದ ಮಗುವಿಗೆ ಹಗುರ ಸ್ಪರ್ಶವೇ ಚುಚ್ಚುವುದು, ಗಟ್ಟಿ ಒತ್ತಡ ಹಿತ. ತೂಕದ ಜಾಕೆಟ್, ತೂಕದ ಹೊದಿಕೆಗಳನ್ನು ಸೆಂಟರೇ ಮಾರುತ್ತಿದ್ದರೆ ಕೊಳ್ಳುವ ಅವಸರ ಬೇಡ. ಜಾಕೆಟ್ ಹಾಕಿದ್ದಕ್ಕೆ ಗಮನ ಹೆಚ್ಚಿತು ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ಮಗು ತಾನೇ ಸರಿಸಲಾಗದ ಭಾರದ ಹೊದಿಕೆ ಉಸಿರಿಗೆ ಅಪಾಯ.

ಇಡೀ ಕಡತದಲ್ಲಿ ಇಲ್ಲದೇ ಇದ್ದ ಕಾಗದವೆಂದರೆ ಅಳೆಯಬಹುದಾದ ಗುರಿಗಳ ಹಾಳೆ. ಗುರಿ ಅಂತ ‘ಫೋಕಸ್ ಹೆಚ್ಚಿಸುವುದು, ಸಿಟ್ಟಿಂಗ್ ಟಾಲರೆನ್ಸ್ ಸುಧಾರಿಸುವುದು, ಐ ಕಾಂಟ್ಯಾಕ್ಟ್’ ಎಂದು ಬರೆದಿತ್ತು. ಯಾವತ್ತು ಸಾಧಿಸಿದೆವು ಎಂದು ಹೇಳಲಾಗದ್ದು ಗುರಿಯಲ್ಲ. ‘ಈಗ ಊಟಕ್ಕೆ 3 ನಿಮಿಷ ಕೂರುತ್ತಾನೆ, ಎಂಟು ವಾರದಲ್ಲಿ 10 ನಿಮಿಷ, ವಾರದಲ್ಲಿ ಐದು ದಿನ’ ಎಂದಿದ್ದರೆ ಅಜ್ಜಿ ಕೂಡ ಗಡಿಯಾರ ನೋಡಿ ಹೇಳಬಹುದು. ‘ಅಂಗಿಯ ಐದು ಗುಂಡಿಯಲ್ಲಿ ಮೂರು ತಾನೇ ಹಾಕುತ್ತಾನೆ’, ‘ಬೋರ್ಡಿನಿಂದ ನಾಲ್ಕು ಸಾಲು ನೋಡಿ ಬರೆಯುತ್ತಾನೆ’, ಹೀಗೆ ಮೂರು ನಾಲ್ಕು ಸಾಕು. ಇಪ್ಪತ್ತು ಗುರಿ ಬರೆದ ಹಾಳೆಯೂ ಅನುಮಾನಕ್ಕೆ ದಾರಿಯೇ. ಪ್ರತಿ ಸೆಷನ್ನಿನ ಕೊನೆಯ ಐದು ಹತ್ತು ನಿಮಿಷ ಪೋಷಕರಿಗೆ, ಇವತ್ತು ಏನು ಮಾಡಿದೆವು, ಮನೆಯಲ್ಲಿ ಏನು ಮಾಡಬೇಕು ಎಂದು ಹೇಳಲು ಮೀಸಲಿರಬೇಕು. ವಾರದ ಆರು ಸೆಷನ್ನಿನಲ್ಲಿ ಆಗದ್ದು ಮನೆಯಲ್ಲಿ, ಕ್ಲಾಸಿನಲ್ಲಿ ಮಾಡುವ ಸಣ್ಣ ಬದಲಾವಣೆಯಿಂದ ಆಗುವುದುಂಟು. ಕಿಟಕಿ, ಫ್ಯಾನಿನ ಸದ್ದಿನಿಂದ ದೂರ, ಟೀಚರಿಗೆ ಹತ್ತಿರದ ಜಾಗ. ಒಂದೇ ಸಲ ಇಡೀ ಪುಟದ ಬದಲು ಎರಡು ಲೆಕ್ಕ. ನಡುವೆ ಪುಸ್ತಕದ ರಾಶಿ ಹೊತ್ತು ಸ್ಟಾಫ್ ರೂಮಿಗೆ ಕೊಟ್ಟು ಬರುವ ಕೆಲಸ.

ಬಾಗಿಲು ಮುಚ್ಚಿ, ‘ಪೇರೆಂಟ್ಸ್ ಇದ್ದರೆ ಮಗು ಕೋಆಪರೇಟ್ ಮಾಡಲ್ಲ’ ಅನ್ನುವ ಜಾಗಗಳಲ್ಲಿ ಗಾಜಿನ ಕಿಟಕಿ ಅಥವಾ ಸಿಸಿಟಿವಿ ನೋಡಲು ಕೊಡುತ್ತಾರಾ ಕೇಳಿ. ಕೈಕಾಲು ಹಿಡಿದು ಕೂರಿಸುವುದು, ಅಳುವ ಮಗುವನ್ನು ಕತ್ತಲೆ ಕೋಣೆಯಲ್ಲಿ ಬಿಡುವುದು ಯಾವ ಥೆರಪಿಯಲ್ಲೂ ಇಲ್ಲ. ಅಂಥದ್ದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಅದೇ ಸೆಂಟರಿನವರು ‘ಮಾತ್ರೆ ಶುರು ಮಾಡಿದರೆ ಚಟ ಆಗುತ್ತದೆ, ನಮ್ಮಲ್ಲೇ ಮುಂದುವರಿಸಿ’ ಅಂದಿದ್ದರು. ಎಡಿಎಚ್‌ಡಿ ಖಚಿತವಾದ ಆರು ವರ್ಷ ದಾಟಿದ ಮಕ್ಕಳಿಗೆ ಔಷಧಿ ಮತ್ತು ನಡವಳಿಕೆಯ ತರಬೇತಿ ಎರಡಕ್ಕೂ ಒಳ್ಳೆಯ ಪುರಾವೆ ಇದೆ. ಅದಕ್ಕಿಂತ ಚಿಕ್ಕವರಿಗೆ ಮೊದಲು ತಂದೆತಾಯಿಗೆ ತರಬೇತಿ. ಬೇಕೋ ಬೇಡವೋ ಮನೋವೈದ್ಯರು ಹೇಳಲಿ, ಸೆಷನ್ ಮಾರುವವರಲ್ಲ. ಬೆರಳಚ್ಚು ತೆಗೆದು ಬುದ್ಧಿ ಹೇಳುವ ಡಿಎಂಐಟಿ, ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿಡ್‌ಬ್ರೈನ್ ಆ್ಯಕ್ಟಿವೇಷನ್ (ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಮೂಗಿನ ಸಂದಿಯಿಂದ ಇಣುಕುವ ಈ ಮೋಸವನ್ನು ಬಹಿರಂಗವಾಗಿ ಬಯಲು ಮಾಡಿದವರು), ಆಕ್ಸಿಜನ್ ಚೇಂಬರ್, ಇವನ್ನೂ ‘ಏಕಾಗ್ರತೆ’ಯ ಹೆಸರಲ್ಲಿ ಮಾರುತ್ತಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಖಾಸಗಿಗೆ ಹೋಗುವ ಮೊದಲು ಒಂದು ಸರ್ಕಾರಿ ಅಭಿಪ್ರಾಯ ಇರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು, ಮನಃಶಾಸ್ತ್ರ ಒಂದೇ ಕಡೆ ಸಿಗುತ್ತವೆ. ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಪತ್ತೆ ಹಚ್ಚಿ ನೆರವಾಗುವ ಜಿಲ್ಲಾ ಕೇಂದ್ರ) ಎಲ್ಲಿದೆ ಎಂದು ಕೇಳಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ. ಕಾಯಬೇಕಾಗುತ್ತದೆ, ಸುಳ್ಳಲ್ಲ. ಕಾಯುವಾಗಲೇ ಟೀಚರಿನಿಂದ ಫಾರಂ ತುಂಬಿಸಿ, ಕಿವಿ ಕಣ್ಣು ಪರೀಕ್ಷೆ ಮುಗಿಸಿ.

ದುಡ್ಡಿನ ವಿಷಯದಲ್ಲಿ, ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೊಡಬೇಡಿ. ‘ನಾನ್ ರಿಫಂಡೆಬಲ್’ ಎಂದು ರಸೀದಿಯಲ್ಲಿ ಅಚ್ಚಾಗಿದ್ದರೆ, ಥೆರಪಿಸ್ಟ್ ಬಿಟ್ಟುಹೋದರೆ ಏನು, ಮಗುವಿಗೆ ಜ್ವರ ಬಂದರೆ ಆ ಸೆಷನ್ ಉಳಿಯುತ್ತದೋ ಇಲ್ಲವೋ ಎಂದು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. 45 ನಿಮಿಷದ ಸೆಷನ್ ಅಂದರೆ ನಿಜಕ್ಕೂ ಎಷ್ಟು ಹೊತ್ತು ಎಂದು ಬಾಗಿಲಲ್ಲಿ ನಿಂತು ಒಮ್ಮೆ ನೋಡಿ, 30ಕ್ಕೇ ಮಗು ಹೊರಬರುವುದು ಅಪರೂಪವಲ್ಲ. ಈಗಾಗಲೇ ಕಟ್ಟಿ ಸಿಕ್ಕಿಹಾಕಿಕೊಂಡವರು, ಆದ ಸೆಷನ್ನುಗಳ ತಾರೀಕು ಬರೆದು, ಉಳಿದ ಮೊತ್ತ ಲೆಕ್ಕ ಹಾಕಿ, 15 ದಿನದ ಗಡುವಿನಲ್ಲಿ ಹಿಂದಿರುಗಿಸಲು ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: 5 ಲಕ್ಷದವರೆಗೆ ಕೋರ್ಟ್ ಫೀಸ್ ಇಲ್ಲ, ವಕೀಲರೂ ಕಡ್ಡಾಯವಲ್ಲ, ದೂರನ್ನು ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ರಸೀದಿ, ರಿಪೋರ್ಟ್, ದಿನಚರಿ ಹಾಳೆ, ವಾಟ್ಸಾಪ್ ಮೆಸೇಜುಗಳ ಸ್ಕ್ರೀನ್‌ಶಾಟ್ ಎಲ್ಲ ಒಂದೇ ಫೋಲ್ಡರಿನಲ್ಲಿ ತಾರೀಕಿನ ಕ್ರಮದಲ್ಲಿ ಇಟ್ಟುಕೊಂಡು ಹೋಗಿ.