ಅಪ್ಪನ ಫೋನಿಗೆ ಬೀಗ, ಪುಟ್ಟನ ಟ್ಯಾಬಿಗೆ ಗೇಟು: ಆ್ಯಪ್ ಸ್ಟೋರ್ ಮುಚ್ಚುವ ದಾರಿಗಳನ್ನು ಹೋಲಿಸಿ ನೋಡಿದೆ

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹುಳು ಜ್ವರಕ್ಕೆ ಕೂತ ದಿನ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿದ ದಿನ, ಸೊಪ್ಪು ಹಾಕುವ ಕೆಲಸ ಇರುವುದಿಲ್ಲ. ಅಪ್ಪ ಹುಳುಮನೆ ಬಾಗಿಲಲ್ಲಿ ಕೂತು ಫೋನ್ ನೋಡುತ್ತಾರೆ. ಅವತ್ತೂ ಹಾಗೇ ಕೂತಿದ್ದರು. ಆಗಷ್ಟೇ ಹಾಸಿಗೆ ಮೇಲೆ ಸುಣ್ಣದ ಪುಡಿ ಉದುರಿಸಿ ಬಂದಿದ್ದರು, ಹೆಬ್ಬೆರಳು ಬೆಳ್ಳಗಿತ್ತು. ರೇಷ್ಮೆ ಗೂಡಿನ ರೇಟಿನ ವಿಡಿಯೊ ನಡುವೆ ಜಾಹೀರಾತು ಬಂತು. ಅದನ್ನು ಮುಚ್ಚೋಣ ಅಂತ ಮೂಲೆಯಲ್ಲಿದ್ದ ಗುಣಿಸು ಗುರುತು ಒತ್ತಿದರು. ಗುರುತು ಸಾಸಿವೆ ಕಾಳಿನಷ್ಟು, ಅಪ್ಪನ ಬೆರಳು ಅದರ ಹತ್ತರಷ್ಟು. ಒತ್ತಿದ್ದು ಪಕ್ಕಕ್ಕೆ ಬಿತ್ತು. ಆ್ಯಪ್ ಅಂಗಡಿ ತೆರೆಯಿತು. ಅಲ್ಲಿಂದ ಹೊರಗೆ ಬರಲು ಮತ್ತೆ ಏನನ್ನೋ ಒತ್ತಿದರು. ಒಂದು ಸಾಲದ ಆ್ಯಪ್ ಬಂದು ಕೂತಿತು.

ಎರಡು ದಿನ ಬಿಟ್ಟು ನನ್ನನ್ನು ಕರೆದರು. "ನಾನು ಯಾರ ಹತ್ರಾನೂ ಸಾಲ ಕೇಳಿಲ್ಲ ಕಣಮ್ಮ. ಇದ್ಯಾಕೆ ದಿನಾ ಬಂದು ಸಾಲ ಬೇಕಾ ಅಂತ ಕೇಳುತ್ತೆ?"

ಫೋನ್ ಬಿಚ್ಚಿ ನೋಡಿದೆ. ಅವರಿಗೆ ಗೊತ್ತೇ ಇಲ್ಲದ ಆ್ಯಪ್‌ಗಳು ಹನ್ನೊಂದು ಇದ್ದವು. ಅಂಗಡಿಗಳೂ ಎರಡಿದ್ದವು. ಒಂದು ಗೂಗಲ್‌ನ ಪ್ಲೇ ಸ್ಟೋರ್, ಇನ್ನೊಂದು ಫೋನ್ ಕಂಪನಿಯೇ ಹಾಕಿ ಕಳಿಸಿದ್ದು. ಇದು ಒಂದೇ ಕಂಪನಿಯ ಕತೆ ಅಲ್ಲ. ಸ್ಯಾಮ್‌ಸಂಗ್‌ಗೆ ಗ್ಯಾಲಕ್ಸಿ ಸ್ಟೋರ್, ಶವೋಮಿಗೆ ಗೆಟ್‌ಆ್ಯಪ್ಸ್, ವಿವೋಗೆ ವಿ-ಆ್ಯಪ್‌ಸ್ಟೋರ್, ಹೀಗೆ ಬೇರೆ ಬೇರೆ ಹೆಸರಿನಲ್ಲಿ ಇರುತ್ತವೆ. ಅಂಗಡಿ ಮುಚ್ಚದೆ ಇದು ನಿಲ್ಲುವುದಿಲ್ಲ ಅನ್ನಿಸಿತು. ಮೂರು ತಿಂಗಳು ಒಂದೊಂದೇ ದಾರಿ ಹಿಡಿದು ನೋಡಿದೆ. ಅಪ್ಪನ ಫೋನು, ಚಿಕ್ಕಬಳ್ಳಾಪುರದಲ್ಲಿರುವ ಅಕ್ಕನ ಮಗ ಪುಟ್ಟನ ಆಂಡ್ರಾಯ್ಡ್ ಟ್ಯಾಬು, ಅವನ ತಂಗಿ ಆಡುವ ಭಾವನ ಹಳೇ ಐಪ್ಯಾಡು, ಈ ಮೂರರ ಮೇಲೆ.

ಮೊದಲು ಸುಲಭದ್ದು, ಐಕಾನ್ ಮರೆಮಾಡುವುದು. ಬಹಳ ಫೋನ್‌ಗಳ ಹೋಮ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಹೈಡ್ ಮಾಡುವ ಆಯ್ಕೆ ಇದೆ. ಎರಡು ನಿಮಿಷದ ಕೆಲಸ, ಕಣ್ಣಿಗೆ ಐಕಾನ್ ಕಾಣುವುದಿಲ್ಲ. ಆದರೆ ಅಪ್ಪ ಯಾವತ್ತೂ ಐಕಾನ್ ಒತ್ತಿ ಅಂಗಡಿಗೆ ಹೋದವರೇ ಅಲ್ಲ. ಜಾಹೀರಾತೇ ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ಐಕಾನ್ ಮರೆಯಾದ ಮೇಲೂ ಜಾಹೀರಾತು ಒತ್ತಿದರೆ ಅಂಗಡಿ ಸಲೀಸಾಗಿ ತೆರೆಯಿತು. ಬೋರ್ಡ್ ಕಿತ್ತಿದ್ದಾಯಿತು, ಬಾಗಿಲು ಹಾಗೇ ಉಳಿಯಿತು. ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಪ್ಲೇ ಸ್ಟೋರ್ ಒಳಗೇ ಪೇರೆಂಟಲ್ ಕಂಟ್ರೋಲ್ ಅಂತ ಒಂದಿದೆ, ಪಿನ್ ಹಾಕಬಹುದು. ಅದು ವಯಸ್ಸಿನ ರೇಟಿಂಗ್ ನೋಡಿ ತಡೆಯುತ್ತದೆ ಅಷ್ಟೇ. ಸಾಲದ ಆ್ಯಪ್‌ಗಳಲ್ಲಿ ಹಿಂಸೆ, ಅಶ್ಲೀಲ ಏನೂ ಇರುವುದಿಲ್ಲ, ಹಾಗಾಗಿ ರೇಟಿಂಗ್‌ಗೆ ಅವು ಸಿಕ್ಕಿಬೀಳುವುದಿಲ್ಲ. ಅಪ್ಪನ ತೊಂದರೆಗೂ ಇದಕ್ಕೂ ಸಂಬಂಧವೇ ಬರಲಿಲ್ಲ.

ಮುಂದಿನದು ಡಿಸೇಬಲ್. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಗೂಗಲ್ ಪ್ಲೇ ಸ್ಟೋರ್, ಅಲ್ಲಿ ಡಿಸೇಬಲ್. ಬೇರೆ ಆ್ಯಪ್‌ಗಳು ಸರಿಯಾಗಿ ನಡೆಯದೇ ಇರಬಹುದು ಅಂತ ಫೋನ್ ಎಚ್ಚರಿಸುತ್ತದೆ. ಒಪ್ಪಿಕೊಂಡೆ. ಅಂಗಡಿ ನಿಜವಾಗಿಯೂ ಮುಚ್ಚಿತು. ಅದೇ ತರದ ಜಾಹೀರಾತು ಹುಡುಕಿ ಬೇಕಂತಲೇ ಒತ್ತಿ ನೋಡಿದೆ. ಬ್ರೌಸರ್‌ನಲ್ಲಿ ಒಂದು ಪುಟ ಬಂತು, ಫೋನಿಗೆ ಮಾತ್ರ ಏನೂ ಇಳಿಯಲಿಲ್ಲ. ಇದ್ದ ಆ್ಯಪ್‌ಗಳೆಲ್ಲ ಎಂದಿನಂತೆ ನಡೆದವು. ಒಂದು ಮಾತು ಮಾತ್ರ ನೆನಪಿಡಿ. ಮುಚ್ಚಬೇಕಾದದ್ದು ಪ್ಲೇ ಸ್ಟೋರ್, ಪ್ಲೇ ಸರ್ವಿಸಸ್ ಅಲ್ಲ. ಹೆಸರು ಅಕ್ಕಪಕ್ಕವೇ ಇರುತ್ತದೆ. ಪ್ಲೇ ಸರ್ವಿಸಸ್ ಮುಟ್ಟಿದರೆ ಲೊಕೇಶನ್, ನೋಟಿಫಿಕೇಶನ್, ಲಾಗಿನ್ ಎಲ್ಲ ಕೈಕೊಡುತ್ತವೆ.

ಇದೇ ಸಾಕು ಅಂದುಕೊಂಡು ಆರು ವಾರ ಬಿಟ್ಟೆ. ಆಮೇಲೆ ಒಂದು ಬೆಳಗ್ಗೆ ಅಪ್ಪ ಗೂಡು ಹಾಕಿ ಮಾರುಕಟ್ಟೆಯಿಂದ ಫೋನ್ ಮಾಡಿದರು. ದುಡ್ಡು ಬಂತಾ ಅಂತ ನೋಡಲು ಬ್ಯಾಂಕಿನ ಆ್ಯಪ್ ತೆರೆದರೆ, ಅಪ್‌ಡೇಟ್ ಮಾಡದೆ ಒಳಗೆ ಬಿಡುವುದಿಲ್ಲ ಅಂತ ಅಲ್ಲೇ ನಿಂತಿತ್ತು. ಅಪ್‌ಡೇಟ್ ಒತ್ತಿದರೆ ಅಂಗಡಿಯೇ ಇಲ್ಲ. ಸುತ್ತ ಗೂಡಿನ ಜಾಲರಿಗಳು, ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳ ಗಲಾಟೆ, ಆ ಕಡೆಯಿಂದ ಅಪ್ಪ "ಏನೂ ಆಗ್ತಿಲ್ಲ ಕಣಮ್ಮ" ಅನ್ನುತ್ತಿದ್ದಾರೆ. ಸೆಟ್ಟಿಂಗ್ಸ್‌ಗೆ ಹೋಗಿ ಎನೇಬಲ್ ಮಾಡಿ ಅಂತ ಫೋನಿನಲ್ಲೇ ದಾರಿ ಹೇಳಿದೆ. ಎನೇಬಲ್ ಆದರೂ ತಕ್ಷಣ ಪ್ರಯೋಜನವಾಗಲಿಲ್ಲ. ಡಿಸೇಬಲ್ ಮಾಡಿದಾಗ ಸ್ಟೋರ್ ತನ್ನ ಹಳೇ ಆವೃತ್ತಿಗೆ ಹೋಗಿತ್ತು, ಮೊದಲು ತನ್ನನ್ನೇ ಹೊಸದು ಮಾಡಿಕೊಳ್ಳಲು ಶುರು ಮಾಡಿತು. ಅಪ್ಪ ಮುಕ್ಕಾಲು ಗಂಟೆ ಅಲ್ಲೇ ನಿಂತರು. ಅವತ್ತು ನನಗೆ ಬೇಜಾರಾಯಿತು. ಕಾಪಾಡಲು ಹೋಗಿ ಅವರನ್ನೇ ಕಷ್ಟಕ್ಕೆ ಹಾಕಿದ್ದೆ. ಅಂಗಡಿ ಮುಚ್ಚಿದರೆ ಅಪ್‌ಡೇಟೂ ನಿಲ್ಲುತ್ತದೆ. ದುಡ್ಡಿನ ಆ್ಯಪ್ ಇರುವ ಫೋನಿನಲ್ಲಿ ಅದು ಸಣ್ಣ ವಿಷಯವಲ್ಲ, ಭದ್ರತೆಯ ತೇಪೆಗಳು ಬರುವುದೂ ಅದೇ ಅಪ್‌ಡೇಟ್‌ನಲ್ಲಿ.

ಹಾಗಾಗಿ ಪ್ಲೇ ಸ್ಟೋರ್ ಮೇಲೆ ಆ್ಯಪ್ ಲಾಕ್ ಹಾಕಿ ನೋಡಿದೆ. ಅಪ್ಪನ ಫೋನಿನ ಸೆಟ್ಟಿಂಗ್ಸ್ ಒಳಗೇ ಅದು ಇತ್ತು. ಸ್ಟೋರ್ ತೆರೆಯಲು ಹೋದರೆ ನಂಬರ್ ಕೇಳುತ್ತದೆ. ಜಾಹೀರಾತಿನಿಂದ ಬಂದರೂ ಕೇಳುತ್ತದೆ. ಒಳಗೊಳಗೆ ಅಪ್‌ಡೇಟ್ ಮಾತ್ರ ತನ್ನ ಪಾಡಿಗೆ ನಡೆಯುತ್ತದೆ, ಏಕೆಂದರೆ ಲಾಕ್ ತಡೆಯುವುದು ಪರದೆಯನ್ನು, ಕೆಲಸವನ್ನಲ್ಲ. ನಂಬರ್ ನಾನೊಬ್ಬಳೇ ಇಟ್ಟುಕೊಳ್ಳೋಣ ಅಂತಿದ್ದೆ. ಅಪ್ಪ ಒಪ್ಪಲಿಲ್ಲ. "ಬೀಗ ಹಾಕು, ಬೇಡ ಅನ್ನಲ್ಲ. ಕೀ ಎಲ್ಲಿದೆ ಅಂತ ನನಗೂ ಗೊತ್ತಿರಬೇಕು. ಫೋನ್ ನಂದು" ಅಂದರು. ಸರಿಯಾದ ಮಾತು ಅಲ್ವಾ? ಹುಳುಮನೆ ಕಟ್ಟಿದ ವರ್ಷವನ್ನೇ ನಂಬರ್ ಮಾಡಿದೆವು.

ನಂಬರ್ ಗೊತ್ತಿದ್ದರೆ ಬೀಗದಿಂದ ಏನು ಉಪಯೋಗ ಅಂತ ಅಕ್ಕ ಕೇಳಿದಳು. ಉಪಯೋಗ ಇದೆ. ಅಪ್ಪನಿಗೆ ಆ್ಯಪ್ ಹಾಕಿಕೊಳ್ಳುವ ಆಸೆ ಇರಲಿಲ್ಲ, ತಿಳಿಯದೆ ಬೆರಳು ತಗುಲುತ್ತಿತ್ತು. ನಂಬರ್ ಕೇಳಿದ ಕೂಡಲೇ ಇದು ಬೇರೆ ಕಡೆ ಹೋಗುತ್ತಿದೆ ಅಂತ ಗೊತ್ತಾಗಿ ಹಿಂದಕ್ಕೆ ಬರುತ್ತಾರೆ. ಡಿಸೇಬಲ್‌ಗೂ ಆ್ಯಪ್ ಲಾಕ್‌ಗೂ ಇಟ್ಟು ನೋಡಿದರೆ, ದೊಡ್ಡವರ ಫೋನಿಗೆ ನಾನು ಕಣ್ಣು ಮುಚ್ಚಿ ಲಾಕ್ ಅನ್ನುತ್ತೇನೆ. ಫೋನಿನಲ್ಲೇ ಲಾಕ್ ಇಲ್ಲದಿದ್ದರೆ ಹೊರಗಿನ ಯಾವುದೋ ಲಾಕ್ ಆ್ಯಪ್ ಹಾಕಿಕೊಳ್ಳಲು ಹೋಗಬೇಡಿ. ಅಂಥವುಗಳಲ್ಲಿ ಜಾಹೀರಾತು ಜಾಸ್ತಿ, ಕೇಳುವ ಪರ್ಮಿಷನ್ನೂ ಜಾಸ್ತಿ. ಆಗ ಡಿಸೇಬಲ್ ಮಾಡಿ, ತಿಂಗಳಿಗೊಮ್ಮೆ ತೆರೆದು ಅಪ್‌ಡೇಟ್ ಮಾಡಿ ಮತ್ತೆ ಮುಚ್ಚುವುದೇ ಮೇಲು.

ಕಂಪನಿಯ ಅಂಗಡಿ ಇನ್ನೂ ಉಳಿದಿತ್ತು. ಅದರ ಡಿಸೇಬಲ್ ಬಟನ್ ಮಂಕಾಗಿತ್ತು, ಒತ್ತಿದರೆ ಒತ್ತಿಕೊಳ್ಳಲಿಲ್ಲ. ನೋಟಿಫಿಕೇಶನ್ ನಿಲ್ಲಿಸಿದರೂ ಅದರ ಶಿಫಾರಸುಗಳು ಅಲ್ಲಿ ಇಲ್ಲಿ ಇಣುಕುತ್ತಲೇ ಇದ್ದವು. ಇದಕ್ಕೆ ಲ್ಯಾಪ್‌ಟಾಪ್ ಬೇಕಾಯಿತು. ದಾರಿಯ ಹೆಸರು ಎಡಿಬಿ, ಲ್ಯಾಪ್‌ಟಾಪಿನಿಂದ ಫೋನಿಗೆ ಕಮಾಂಡ್ ಕೊಡುವ ಸಾಧನ. ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಕೆಲವು ಫೋನ್‌ಗಳಲ್ಲಿ ಬಿಲ್ಡ್ ನಂಬರ್ ಬದಲು ಓಎಸ್ ವರ್ಷನ್ ಮೇಲೆ ಒತ್ತಬೇಕು. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ವೈರ್ ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ಗೂಗಲ್ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್ ಇಳಿಸಿಕೊಂಡು, ಆ ಅಂಗಡಿಯ ಪ್ಯಾಕೇಜ್ ಹೆಸರು (ಫೋನ್ ಒಳಗೊಳಗೆ ಆ್ಯಪನ್ನು ಗುರುತಿಸುವ ಹೆಸರು) ಕೊಟ್ಟು ಒಂದು ಸಾಲಿನ ಕಮಾಂಡ್ ಹೊಡೆಯಬೇಕು. ಅದು ಆ ಬಳಕೆದಾರನ ಮಟ್ಟಿಗೆ ಆ್ಯಪನ್ನು ತೆಗೆಯುತ್ತದೆ. ಫೋನಿನ ಮೂಲ ಸಿಸ್ಟಮ್‌ನಲ್ಲಿ ಅದು ಇದ್ದೇ ಇರುತ್ತದೆ. ಅದಕ್ಕೇ ಜಾಗವೇನೂ ಮಿಗುವುದಿಲ್ಲ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಮತ್ತೆ ಬಂದು ಕೂರುತ್ತದೆ. ರೀಸೆಟ್ ಇಲ್ಲದೆ ವಾಪಸ್ ಬೇಕಿದ್ದರೆ ಅದಕ್ಕೂ ಒಂದು ಕಮಾಂಡ್ ಇದೆ.

ಮೊದಲ ಸಲ ನನಗೆ ಒಂದು ಸಂಜೆ ಹಿಡಿಯಿತು. ಪ್ಯಾಕೇಜ್ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಆಗುವುದಿಲ್ಲ. ಬೇರೆ ಹೆಸರು ಹೊಡೆದರೆ ಫೋನಿಗೇ ಬೇಕಾದದ್ದು ಹೋಗಿಬಿಡಬಹುದು, ಹೆಸರನ್ನು ಎರಡು ಸಲ ಓದಿಕೊಳ್ಳಿ. ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಲೇಬೇಕು. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಇಷ್ಟೆಲ್ಲ ಕಷ್ಟಪಟ್ಟಿದ್ದಕ್ಕೆ ಫಲ ಸಿಕ್ಕಿತು. ಕಂಪನಿ ಅಂಗಡಿಯ ಕಾಟ ಅವತ್ತಿಗೆ ನಿಂತಿದ್ದು ಇನ್ನೂ ಶುರುವಾಗಿಲ್ಲ.

ಪುಟ್ಟನ ವಿಷಯ ಬೇರೆ. ಅವನಿಗೆ ಒಂಬತ್ತು ವರ್ಷ, ಬೆರಳು ತಪ್ಪುವುದೇ ಇಲ್ಲ, ಬೇಕು ಅಂತಲೇ ಒತ್ತುತ್ತಾನೆ. ಟ್ಯಾಬಿನ ಲಾಕ್ ನಂಬರ್ ಎರಡು ದಿನದಲ್ಲಿ ನೋಡಿ ಕಲಿತ. ಅವನಿಗೆ ಫ್ಯಾಮಿಲಿ ಲಿಂಕ್ ಹಾಕಿದೆವು. ಗೂಗಲ್ 2017ರಲ್ಲಿ ತಂದದ್ದು, ದುಡ್ಡಿಲ್ಲ. ಮಗುವಿಗೆ ಬೇರೆ ಅಕೌಂಟ್ ಮಾಡಿ, ಎಲ್ಲ ಆ್ಯಪ್‌ಗೂ ಒಪ್ಪಿಗೆ ಬೇಕು ಅಂತ ಇಟ್ಟರೆ, ಅವನು ಇನ್‌ಸ್ಟಾಲ್ ಒತ್ತಿದಾಗ ಅಕ್ಕನ ಫೋನಿಗೆ ಕೇಳಿಕೆ ಬರುತ್ತದೆ. ಅವಳು ಹೂಂ ಅಂದರೆ ಮಾತ್ರ ಇಳಿಯುತ್ತದೆ. ಅಂಗಡಿ ಕಾಣುತ್ತದೆ, ಅಪ್‌ಡೇಟ್ ನಡೆಯುತ್ತದೆ, ಗೇಟು ಅಕ್ಕನ ಕೈಯಲ್ಲಿ.

ಆದರೆ ಒಂದು ಸಂದಿ ಇದೆ. ಒಮ್ಮೆ ಒಪ್ಪಿಗೆ ಕೊಟ್ಟ ಆ್ಯಪನ್ನು ಅಳಿಸಿ ಮತ್ತೆ ಹಾಕಿಕೊಂಡರೆ ಎರಡನೇ ಸಲ ಕೇಳುವುದಿಲ್ಲ. ಅಕ್ಕ ಅಳಿಸಿದ್ದ ಕಾರ್ ರೇಸ್ ಆಟ ಭಾನುವಾರ ಮತ್ತೆ ಟ್ಯಾಬಿನಲ್ಲಿತ್ತು. "ನಾನು ಕೇಳ್ಲೇ ಇಲ್ಲ ಚಿಕ್ಕಮ್ಮ, ಅದೇ ಬಂತು" ಅಂದ. ಅವನು ಹೇಳಿದ್ದು ನಿಜವೇ. ಬೇಡದ ಆಟವನ್ನು ಅಳಿಸಿದರೆ ಸಾಲದು, ಫ್ಯಾಮಿಲಿ ಲಿಂಕ್‌ನಲ್ಲಿ ಅದರ ಹೆಸರಿಗೆ ಬ್ಲಾಕ್ ಹಾಕಬೇಕು.

ಐಪ್ಯಾಡ್ ಬಗ್ಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ಕೆಲಸ ಅಷ್ಟು ಸುಲಭ. 2018ರಲ್ಲಿ ಐಓಎಸ್ 12ರ ಜೊತೆ ಸ್ಕ್ರೀನ್ ಟೈಮ್ ಬಂತು. ಅದರಲ್ಲಿ ಕಂಟೆಂಟ್ ಅಂಡ್ ಪ್ರೈವಸಿ ರಿಸ್ಟ್ರಿಕ್ಷನ್ಸ್ ಒಳಗೆ ಇನ್‌ಸ್ಟಾಲಿಂಗ್ ಆ್ಯಪ್ಸ್ ಬೇಡ ಅಂದರೆ ಆ್ಯಪ್ ಸ್ಟೋರ್ ಐಕಾನೇ ಮಾಯವಾಗುತ್ತದೆ. ಬೇಕೆಂದಾಗ ಅಲೋ ಮಾಡಿದರೆ ಅಲ್ಲೇ ವಾಪಸ್. ಆ್ಯಪ್ ಅಳಿಸುವುದಕ್ಕೂ, ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವುದಕ್ಕೂ ಬೇರೆ ಬೇರೆ ಸ್ವಿಚ್ ಇದೆ. ಕೊಳ್ಳುವುದನ್ನು ಮರೆಯದೆ ಮುಚ್ಚಿ, ಮಕ್ಕಳ ಕೈಯಲ್ಲಿ ದುಡ್ಡು ಸೋರುವುದು ಅಲ್ಲೇ. ಸ್ಕ್ರೀನ್ ಟೈಮ್‌ಗೆ ಕೊಡುವ ನಾಲ್ಕಂಕಿ ಐಪ್ಯಾಡ್ ತೆರೆಯುವ ನಂಬರ್ ಆಗಿರಬಾರದು, ಅದು ಮಗುವಿಗೆ ಮೊದಲೇ ಗೊತ್ತಿರುತ್ತದೆ. ಅಂಗಡಿ ಮುಚ್ಚುವ ಕೆಲಸವೊಂದನ್ನೇ ನೋಡಿದರೆ ನಾನು ಬಳಸಿದ್ದರಲ್ಲಿ ಅಚ್ಚುಕಟ್ಟಾದದ್ದು ಇದೇ.

ಇವೆಲ್ಲ ಆದ ಮೇಲೂ ಆಂಡ್ರಾಯ್ಡ್‌ನಲ್ಲಿ ಒಂದು ಹಿತ್ತಲ ಬಾಗಿಲು ಇರುತ್ತದೆ. ಅಪ್ಪನ ವಾಟ್ಸಾಪ್‌ಗೆ ಗೊತ್ತಿಲ್ಲದ ನಂಬರಿನಿಂದ ಲಗ್ನಪತ್ರಿಕೆ ಬಂತು. ಫೋಟೊ ಅಲ್ಲ, ಹೆಸರಿನ ಕೊನೆಯಲ್ಲಿ ಎಪಿಕೆ ಅಂತಿತ್ತು. ಅದು ಪತ್ರಿಕೆ ಅಲ್ಲ, ಆ್ಯಪು. ಒತ್ತಿದ್ದರೆ ಯಾವ ಅಂಗಡಿಯ ಹಂಗೂ ಇಲ್ಲದೆ ಇಳಿಯುತ್ತಿತ್ತು. ಹೀಗೆ ಅಂಗಡಿಯ ಹೊರಗಿನಿಂದ ಆ್ಯಪ್ ಇಳಿಸುವ ಪರ್ಮಿಷನ್ ಆಂಡ್ರಾಯ್ಡ್ 8ರಿಂದ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಅಂತ ಹುಡುಕಿ, ವಾಟ್ಸಾಪ್, ಕ್ರೋಮ್, ಫೈಲ್ಸ್, ಯಾವುದಕ್ಕೂ ಅನುಮತಿ ಇಲ್ಲ ಅಂತ ನೋಡಿಕೊಳ್ಳಿ. ಸ್ಟೋರ್ ಮುಚ್ಚುವ ಮೊದಲೇ ಇದನ್ನು ಮಾಡಿ. ಆಗಲೇ ಒತ್ತಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಮೊನ್ನೆ ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ ಅಪ್ಪ ತಾವಾಗೇ ಫೋನ್ ತಂದುಕೊಟ್ಟರು. ಆ್ಯಪ್ ಪಟ್ಟಿ ನೋಡಿದೆ. ಹೋದ ಬೆಳೆಗೆ ಇದ್ದಷ್ಟೇ ಇವೆ, ಒಂದೂ ಹೆಚ್ಚಿಲ್ಲ. ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

"ಆ ಲಾಕಿನ ನಂಬರ್ ಬದಲಾಯಿಸಿ ಕೊಡಮ್ಮ. ಭಾನುವಾರ ಪುಟ್ಟ ಪಕ್ಕದಲ್ಲೇ ಕೂತಿದ್ದ, ನೋಡಿರ್ತಾನೆ."