ಲೆನ್ಸ್ ಮೊದಲು, ಬಾಡಿ ಆಮೇಲೆ: ಮಲೆನಾಡಿನ ಮಳೆಗಾಲದಲ್ಲಿ ಮೂರು ಕ್ಯಾಮೆರಾ ಜೋಡಿಗಳು

ನಾವು ಓದುವ ಕ್ಯಾಮೆರಾ ವಿಮರ್ಶೆಗಳಲ್ಲಿ ಬಹುಪಾಲು ಒಳ್ಳೆಯ ಬಿಸಿಲಿರುವ ಊರುಗಳಲ್ಲಿ ಪರೀಕ್ಷಿಸಿ ಬರೆದಂಥವು. ಜೂನ್ ಕಳೆದ ಮೇಲೆ ಆಗುಂಬೆ, ಹೊಸನಗರದ ಕಡೆ ನಡುಮಧ್ಯಾಹ್ನವೂ ಮನೆಯೊಳಗೆ ದೀಪ ಹಾಕಬೇಕಾದಷ್ಟು ಮಬ್ಬು ಕವಿದಿರುವಾಗ, ಆ ವಿಮರ್ಶೆಗಳಲ್ಲಿ ಹೊಗಳಿಸಿಕೊಂಡ ಎಷ್ಟೋ ಗುಣಗಳು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟ ಸಂಗತಿಗಳೇ ಇಲ್ಲಿ ದೊಡ್ಡದಾಗಿ ಕಾಣುತ್ತವೆ. ಸ್ವಂತದ್ದು, ಬಾಡಿಗೆಯದ್ದು, ಗೆಳೆಯರದ್ದು ಎಂದು ಒಟ್ಟುಗೂಡಿಸಿದ ಮೂರು ಜೋಡಿಗಳನ್ನು ಮಂಡಗದ್ದೆ, ಆಗುಂಬೆಗಳ ಮಳೆಗಾಲದಲ್ಲಿ ಬಳಸಿ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಮೊದಲನೆಯದು ಕ್ಯಾನನ್ ಆರ್10 ಮತ್ತು ಆರ್‌ಎಫ್ 100-400 ಮಿ.ಮೀ. ಎಫ್/5.6-8, ಎರಡನೆಯದು ಕ್ಯಾನನ್ ಆರ್7 ಮತ್ತು ಆರ್‌ಎಫ್ 100-500 ಮಿ.ಮೀ. ಎಫ್/4.5-7.1 ಎಲ್, ಮೂರನೆಯದು ನಿಕಾನ್ ಡಿ7500 ಮತ್ತು 200-500 ಮಿ.ಮೀ. ಎಫ್/5.6. ಮೂರು ಬಾಡಿಗಳಲ್ಲಿಯೂ ಎಪಿಎಸ್-ಸಿ ಎಂಬ, ಫುಲ್‌ಫ್ರೇಮಿಗಿಂತ ಚಿಕ್ಕ ಅಳತೆಯ ಸೆನ್ಸರ್ ಇರುವುದರಿಂದ ಹೋಲಿಕೆ ನ್ಯಾಯವಾಗಿಯೇ ಇದೆ. ಮೊದಲ ಜೋಡಿ ಒಂದು ಕಿಲೋಗಿಂತ ತುಸು ಹೆಚ್ಚು, ಎರಡನೆಯದು ಟ್ರೈಪಾಡ್ ಹಿಡಿಕೆ ಬಿಚ್ಚಿದರೆ ಸುಮಾರು ಎರಡು ಕಿಲೋ, ಮೂರನೆಯದು ಮೂರು ಕಿಲೋ ತೂಗುತ್ತದೆ.

ಮೊದಲು ಬೆಳಕಿನ ಲೆಕ್ಕವನ್ನು ನೋಡಬೇಕು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ; ಬೆಳಕು ಸಾಲದಾಗ ಏರಿಸುವ ಐಎಸ್‌ಒ ಹೆಚ್ಚಿದಷ್ಟೂ ಚಿತ್ರದಲ್ಲಿ ಕಾಳು ಹೆಚ್ಚುತ್ತದೆ. ಮೋಡ ಮುಸುಕಿದ ದಿನ ಆಗುಂಬೆಯ ಕಾಡಿನೊಳಗೆ, ಮರಗಳ ಕೊಡೆಯ ಅಡಿಯಲ್ಲಿ, ಎಫ್/8ರಲ್ಲಿ ಸೆಕೆಂಡಿನ 1/500 ಭಾಗದ ಷಟರ್ ವೇಗ ಬೇಕೆಂದರೆ ಐಎಸ್‌ಒ 12800ರ ಆಸುಪಾಸಿಗೆ ಏರಿಸಬೇಕಾಗುತ್ತದೆ. ಅದೇ ಜಾಗದಲ್ಲಿ ಎಫ್/5.6 ಲೆನ್ಸ್ ಇದ್ದರೆ ಎರಡರಷ್ಟು ಬೆಳಕು ಒಳಗೆ ಬರುವುದರಿಂದ 6400ಕ್ಕೆ ಕೆಲಸ ಆಗುತ್ತದೆ. ಇವೆರಡರ ನಡುವಿನ ಅಂತರ ಕಾಗದದ ಮೇಲೆ ಒಂದೇ ಸ್ಟಾಪ್ (ಬೆಳಕು ಎರಡರಷ್ಟಾಗುವ ಇಲ್ಲವೇ ಅರ್ಧವಾಗುವ ಒಂದು ಮೆಟ್ಟಿಲು). ಆದರೂ ತೊರೆಯ ಬಂಡೆಯ ಮೇಲೆ ಕೂತ ಸಿಳ್ಳಾರದ ಕಡುನೀಲಿ ಗರಿಗಳಲ್ಲಿ ಬಣ್ಣ ಉಳಿಯುವುದೋ, ಎಲ್ಲವೂ ಕಪ್ಪು ಕಾಳಿನ ರಾಶಿಯಾಗುವುದೋ ಎಂಬುದು ಆ ಒಂದು ಸ್ಟಾಪಿನಲ್ಲಿಯೇ ತೀರ್ಮಾನವಾಗುತ್ತದೆ. ಈ ಮೂರು ಬಾಡಿಗಳ ಸೆನ್ಸರುಗಳ ನಡುವೆ ಅಷ್ಟು ದೊಡ್ಡ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಯಾವ ಬಾಡಿ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ಲೆನ್ಸಿಗೆ ಎಷ್ಟು ದುಡ್ಡು ಉಳಿಸಿಕೊಂಡಿದ್ದೀರಿ ಎಂದು.

ಹೀಗೆ ಹೇಳಿದ ಮೇಲೂ, ಮೂರರಲ್ಲಿ ಅತ್ಯಂತ ಕಡಿಮೆ ಬೆಳಕು ಹಿಡಿಯುವ ಆರ್‌ಎಫ್ 100-400 ಲೆನ್ಸನ್ನೇ ನಾನು ಹೆಚ್ಚು ಬಳಸಿದ್ದೇನೆ. 635 ಗ್ರಾಂ ತೂಕದ ಈ ಲೆನ್ಸನ್ನು 429 ಗ್ರಾಂ ತೂಗುವ ಆರ್10ಕ್ಕೆ ಹಾಕಿಕೊಂಡರೆ ಜಾರುವ ಏರಿನಲ್ಲಿ ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಕೋಲು ಹಿಡಿದು ನಡೆಯಬಹುದು. ನಡುವೆ ನಿಂತು ಕಾಲಿಗೆ ಹತ್ತಿದ ಉಂಬಳ ಕೀಳುವುದಕ್ಕೂ ತೊಂದರೆಯಾಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಅದರ ಸಮೀಪದ ಫೋಕಸ್. 400 ಮಿ.ಮೀ.ನಲ್ಲಿ ಸುಮಾರು ಒಂದು ಮೀಟರ್ ದೂರದಿಂದಲೇ ಫೋಕಸ್ ಆಗುವ ಈ ಲೆನ್ಸಿನ ಗರಿಷ್ಠ ವರ್ಧನೆ 0.41 ಪಟ್ಟು. ಎಂದರೆ ಹೆಚ್ಚುಕಡಿಮೆ ಐದೂವರೆ ಸೆಂಟಿಮೀಟರ್ ಅಗಲದ ಜಾಗ ಇಡೀ ಚೌಕಟ್ಟನ್ನು ತುಂಬುತ್ತದೆ. ಎರಡು-ಮೂರು ಸೆಂಟಿಮೀಟರ್ ಉದ್ದದ ಪೊದೆಗಪ್ಪೆಯೊಂದು ಎಲೆಯ ಮೇಲೆ ಗಂಟಲು ಉಬ್ಬಿಸಿ ಕೂಗುತ್ತಿದ್ದರೆ, ಮ್ಯಾಕ್ರೋ ಲೆನ್ಸ್ ಹಿಡಿದು ಮೈಮೇಲೆ ಹೋಗಿ ಅದನ್ನು ಹೆದರಿಸುವ ಅಗತ್ಯವಿಲ್ಲದೆ, ಒಂದೂಕಾಲು ಮೀಟರ್ ಆಚೆ ಕೂತು ಕಣ್ಣಿನ ಹೊಳಪಿನ ಸಮೇತ ತೆಗೆಯಬಹುದು. ಕಪ್ಪೆ ಅಲುಗದೆ ಕೂತಿರುವಾಗ ಲೆನ್ಸಿನೊಳಗಿನ ಕಂಪನ ನಿಯಂತ್ರಣದ ನೆರವಿನಿಂದ 1/60ಕ್ಕೂ ಇಳಿಯಬಹುದು. ಆಗ ಐಎಸ್‌ಒ 1600 ಸಾಕಾಗುತ್ತದೆ, ಎಫ್/8 ಎಂಬ ಕೊರತೆಯ ನೆನಪೂ ಬರುವುದಿಲ್ಲ. ಆದರೆ ಮರಕುಟಿಗವೊಂದು ಕಾಂಡದ ಮೇಲೆ ಓಡಾಡತೊಡಗಿದರೆ ಆ ನಿಯಂತ್ರಣದಿಂದ ಏನೂ ಆಗದು, ಏಕೆಂದರೆ ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ಚಲನೆಯನ್ನಲ್ಲ.

ಈ ಜೋಡಿಯ ದೊಡ್ಡ ದೋಷ ನೀರು. ಬಾಡಿಗೂ ಲೆನ್ಸಿಗೂ ಮಳೆ-ದೂಳು ತಡೆಯುವ ಸೀಲಿಂಗ್ ಇಲ್ಲ. ಲೆನ್ಸಿನ ಹುಡ್ ಕೂಡ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಎಲೆಗಳಿಂದ ಸದಾ ತೊಟ್ಟಿಕ್ಕುವ ಕಾಡಿನಲ್ಲಿ ಹುಡ್ ಇಲ್ಲದಿದ್ದರೆ ಮುಂದಿನ ಗಾಜಿನ ಮೇಲೆ ಹನಿ ಬೀಳುವುದು ಖಂಡಿತ, ಆದ್ದರಿಂದ ಅದನ್ನು ಲೆನ್ಸಿನ ಬೆಲೆಯ ಒಂದು ಭಾಗವೆಂದೇ ಲೆಕ್ಕ ಹಿಡಿಯುವುದು ಒಳ್ಳೆಯದು. ಗದ್ದೆ ನೆಟ್ಟಿಯಲ್ಲಿ ಬೆನ್ನ ಮೇಲೆ ಗೊರಬು ಹೊದ್ದ ಹಾಗೆ ಕ್ಯಾಮೆರಾಕ್ಕೆ ಒಂದು ಮಳೆಗವಸು ಹೊದಿಸಿಯೇ ನಾನು ಇದನ್ನು ಹೊರಗೆ ತೆಗೆಯುತ್ತೇನೆ. ಮಳೆ ಜೋರಾದರೆ ಚೀಲದೊಳಗೆ ಇಡುತ್ತೇನೆ.

ಆರ್7 ಬಹುತೇಕ ವಿಷಯಗಳಲ್ಲಿ ಆರ್10ಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಾಡಿ. 24.2ರ ಬದಲು 32.5 ಮೆಗಾಪಿಕ್ಸೆಲ್, ಸೆನ್ಸರಿಗೇ ಅಳವಡಿಸಿದ ಕಂಪನ ನಿಯಂತ್ರಣ, ಎರಡು ಎಸ್‌ಡಿ ಕಾರ್ಡುಗಳಿಗೆ ಜಾಗ, ದೊಡ್ಡ ಬ್ಯಾಟರಿ, ಸೀಲಿಂಗ್ ಎಲ್ಲವೂ ಇದರಲ್ಲಿ ಸಿಗುತ್ತವೆ. ಮದುವೆ ತೆಗೆಯುವ ಸ್ಟುಡಿಯೋದವರಿಗೆ ಎರಡು ಕಾರ್ಡಿನ ಕಾರಣಕ್ಕಾಗಿಯೇ ಇದು ಬೇಕು. ಧಾರೆಯ ಚಿತ್ರಗಳಿದ್ದ ಒಂದೇ ಕಾರ್ಡು ಕೈಕೊಟ್ಟರೆ ಉತ್ತರ ಹೇಳುವುದು ಯಾರಿಂದಲೂ ಆಗದ ಕೆಲಸ. ಕಾಡಿಗೆ ಹೋಗುವವರಾದರೆ ಸ್ವಲ್ಪ ಯೋಚಿಸಬೇಕು. ಆರ್7ಕ್ಕೆ ಅದೇ 100-400 ಲೆನ್ಸನ್ನು ಹಾಕಿದಾಗ ಬಾಡಿಯ ಸೀಲಿಂಗಿಗೆ ಅರ್ಥ ಉಳಿಯುವುದಿಲ್ಲ, ಏಕೆಂದರೆ ನೀರು ಲೆನ್ಸಿನ ಕಡೆಯಿಂದ ನುಗ್ಗಬಹುದು. ಎಫ್/8ರಲ್ಲಿ ಡಿಫ್ರ್ಯಾಕ್ಷನ್ (ಕಿರಿದಾದ ತೆರವಿನಲ್ಲಿ ಬೆಳಕು ಹರಡಿ ಚಿತ್ರ ತುಸು ಮಸುಕಾಗುವುದು) ಶುರುವಾಗಿರುವುದರಿಂದ 32.5 ಮೆಗಾಪಿಕ್ಸೆಲ್ಲಿನ ಪೂರ್ತಿ ಸೂಕ್ಷ್ಮತೆಯೂ ಸಿಗುವುದಿಲ್ಲ. ಆ ಜೋಡಿಯಲ್ಲಿ ಹೆಚ್ಚುವರಿಯಾಗಿ ಕೊಟ್ಟ ಹಣಕ್ಕೆ ತಕ್ಕ ಫಲ ನನಗಂತೂ ಕಾಣಲಿಲ್ಲ.

ಆರ್‌ಎಫ್ 100-500 ಸಿಕ್ಕಿಸಿದಾಗ ಮಾತ್ರ ಆರ್7ರ ನಿಜವಾದ ಯೋಗ್ಯತೆ ಗೊತ್ತಾಗುತ್ತದೆ. 400 ಮಿ.ಮೀ.ನಲ್ಲಿ ಈ ಲೆನ್ಸ್ ಎಫ್/6.3ರಷ್ಟು ತೆರೆದುಕೊಳ್ಳುವುದರಿಂದ ಚಿಕ್ಕ ಲೆನ್ಸಿಗಿಂತ ಮೂರನೇ ಎರಡು ಸ್ಟಾಪ್ ಬೆಳಕು ಹೆಚ್ಚು ಸಿಗುತ್ತದೆ. ಸೀಲಿಂಗ್ ಎರಡೂ ಕಡೆ ಇರುವುದರಿಂದ ಸೋನೆಮಳೆಯಲ್ಲಿ ಧೈರ್ಯವಾಗಿ ಹಿಡಿದು ನಿಲ್ಲಬಹುದು. ಚಿತ್ರದ ಅಂಚಿನವರೆಗೂ ಚುರುಕು ಇರುತ್ತದೆ. ತೊಡಕು ಬೆಲೆಯದ್ದು. 100-400ಕ್ಕೆ ಹೋಲಿಸಿದರೆ ಇದು ಹಲವು ಪಟ್ಟು ದುಬಾರಿ, ಮತ್ತು ಅಷ್ಟು ಕೊಟ್ಟ ಮೇಲೂ 500 ಮಿ.ಮೀ.ನಲ್ಲಿ ಎಫ್/7.1ರಲ್ಲಿಯೇ ನಿಲ್ಲುತ್ತದೆ ಎನ್ನುವುದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಕೊಳ್ಳುವ ಲೆನ್ಸ್ ಇದು.

ಇನ್ನು ನಿಕಾನ್. 2017ರಲ್ಲಿ ಬಂದ ಡಿ7500 ಇಂದು ಹಳೆಯ ಕಾಲದ ಕನ್ನಡಿಯುಳ್ಳ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್. 2018ರಲ್ಲಿ ನಿಕಾನ್ ಕನ್ನಡಿಯಿಲ್ಲದ ಝಡ್ ಮೌಂಟಿನ ಕ್ಯಾಮೆರಾಗಳ ಕಡೆ ಹೊರಳಿದ ಮೇಲೆ ಈ ವರ್ಗದ ಬಾಡಿಗಳೂ ಲೆನ್ಸುಗಳೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. 200-500 ಲೆನ್ಸ್ ಈ ತುದಿಯಿಂದ ಆ ತುದಿಯವರೆಗೂ ಎಫ್/5.6ರಲ್ಲಿಯೇ ಇರುತ್ತದೆ, ಮತ್ತು ಎಪಿಎಸ್-ಸಿ ಬಾಡಿಯಲ್ಲಿ ಅದರ ಕೊನೆಯ ತುದಿ ಫುಲ್‌ಫ್ರೇಮಿನ ಲೆಕ್ಕದಲ್ಲಿ 750 ಮಿ.ಮೀ.ಗೆ ಸಮನಾದ ನೋಟ ಕೊಡುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ದೂರದ ಮಂಡಗದ್ದೆಗೆ ಇದಕ್ಕಿಂತ ಒಪ್ಪುವ ಜೋಡಿ ಈ ಮೂರರಲ್ಲಿ ಇಲ್ಲ. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ತುಂಗೆಯ ನಡುಗಡ್ಡೆಯ ಮರಗಳಲ್ಲಿ, ನಾವು ನಿಲ್ಲುವುದು ಈಚೆ ದಡದಲ್ಲಿ. ನಡೆಯುವ ಪ್ರಮೇಯವಿಲ್ಲದ್ದರಿಂದ ಮೂರು ಕಿಲೋ ಭಾರವನ್ನು ಒಂಟಿಕಾಲಿನ ಮೊನೊಪಾಡ್ ಹೊತ್ತುಕೊಳ್ಳುತ್ತದೆ. ಆಕಾಶ ತೆರೆದಿರುವುದರಿಂದ ದಟ್ಟ ಮೋಡವಿದ್ದರೂ ಐಎಸ್‌ಒ 800ರಲ್ಲಿ 1/1000 ಸಿಗುತ್ತದೆ, ಗೂಡಿಗೆ ಕಡ್ಡಿ ಕಚ್ಚಿಕೊಂಡು ಇಳಿಯುವ ಬೆಳ್ಳಕ್ಕಿಯ ರೆಕ್ಕೆಯನ್ನು ನಿಲ್ಲಿಸಲು ಅಷ್ಟು ಸಾಕು.

ಆ ಬೆಳ್ಳಕ್ಕಿಯೇ ಡಿಎಸ್‌ಎಲ್‌ಆರ್‌ನ ಕುಂದನ್ನೂ ತೋರಿಸಿಕೊಡುತ್ತದೆ. ಕಡುಹಸಿರು ಮರಗಳ ಮುಂದೆ ಕೂತ ಬಿಳಿ ಹಕ್ಕಿಗೆ ಕ್ಯಾಮೆರಾದ ಮೀಟರ್ ಅಗತ್ಯಕ್ಕಿಂತ ಹೆಚ್ಚು ಬೆಳಕು ಕೊಟ್ಟುಬಿಡುತ್ತದೆ, ಗರಿಗಳೆಲ್ಲ ಸುಣ್ಣ ಬಳಿದ ಗೋಡೆಯಾಗುತ್ತವೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಬೇಕೆಂಬುದು ಕ್ಯಾನನ್ ಬಾಡಿಗಳ ಎಲೆಕ್ಟ್ರಾನಿಕ್ ಕಿಂಡಿಯಲ್ಲಿ (ವ್ಯೂಫೈಂಡರ್) ಒತ್ತುವ ಮೊದಲೇ ಕಣ್ಣಿಗೆ ಕಾಣುತ್ತದೆ; ನಿಕಾನಿನಲ್ಲಿ ಒತ್ತಿದ ಮೇಲೆ ಹಿಂದಿನ ಪರದೆ ನೋಡಿ ತಿದ್ದಿಕೊಳ್ಳಬೇಕು. ಹಕ್ಕಿಯ ಕಣ್ಣನ್ನು ತಾನೇ ಗುರುತಿಸಿ ಹಿಂಬಾಲಿಸುವ ವ್ಯವಸ್ಥೆಯೂ ಆರ್10, ಆರ್7 ಎರಡರಲ್ಲಿ ಇದೆ, ಡಿ7500ರ ಕಿಂಡಿಯಲ್ಲಿ ಇಲ್ಲ. ಹಾಗೆಂದು ಆ ವ್ಯವಸ್ಥೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಬಿದಿರು ಹಿಂಡಿಲಿನೊಳಗೆ ಭೀಮರಾಜ ಕೂತಿದ್ದರೆ ಫೋಕಸ್ ಹೋಗಿ ಮುಂದಿನ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ, ಮತ್ತು ಅಲ್ಲಿಂದ ಬಿಡಿಸಲು ಕೊನೆಗೂ ಒಂದೇ ಬಿಂದುವಿನ ಫೋಕಸ್ಸಿಗೆ ಮರಳಬೇಕಾಗುತ್ತದೆ. ಎಲೆಕ್ಟ್ರಾನಿಕ್ ಷಟರಿನಲ್ಲಿ ಸೆಕೆಂಡಿಗೆ ಆರ್10 23, ಆರ್7 30 ಚಿತ್ರ ತೆಗೆಯುತ್ತವೆ ಎಂಬ ಜಾಹೀರಾತಿನ ಮಾತು ನಿಜವಾದರೂ, ಸೆನ್ಸರಿನಿಂದ ಚಿತ್ರ ಓದಿಕೊಳ್ಳುವ ವೇಗ ಕಡಿಮೆ ಇರುವುದರಿಂದ ಹಾರುವ ಹಕ್ಕಿಯ ರೆಕ್ಕೆಗಳು ಸೊಟ್ಟಗೆ ಬರುತ್ತವೆ. ಎರಡಕ್ಕೂ ಯಾಂತ್ರಿಕ ಷಟರಿನಲ್ಲಿ ಸೆಕೆಂಡಿಗೆ 15 ಚಿತ್ರದ ವೇಗವಿದೆ. ಅದರಾಚೆಗೆ ನನಗೆ ಎಂದೂ ಬೇಕಾಗಿಲ್ಲ.

ಬ್ಯಾಟರಿಯ ವಿಷಯವನ್ನು ನಮ್ಮ ಕಡೆಯವರು ಗಂಭೀರವಾಗಿ ಪರಿಗಣಿಸಬೇಕು. ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ಕರೆಂಟು ಮರಳುವುದು ಯಾವಾಗ ಎಂದು ಲೈನ್‌ಮನ್‌ಗೂ ಹೇಳಲಾಗದು. ಡಿ7500 ಒಂದು ಚಾರ್ಜಿನಲ್ಲಿ 950 ಚಿತ್ರಗಳವರೆಗೆ ಬಾಳುತ್ತದೆಂದು ನಿಕಾನ್ ಹೇಳುತ್ತದೆ, ಬಳಕೆಯಲ್ಲಿಯೂ ಅದು ಸುಸ್ತಾಗುವ ಜಾತಿಯದ್ದಲ್ಲ. ಆರ್10ರ ಚಿಕ್ಕ ಬ್ಯಾಟರಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಪಿಡಿ (ಪವರ್ ಡೆಲಿವರಿ) ಸೌಲಭ್ಯವಿರುವ ಪವರ್ ಬ್ಯಾಂಕಿನಿಂದ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಮಾಡಿಕೊಳ್ಳಬಹುದೆಂಬುದು ಒಂದು ಸಮಾಧಾನ.

ಜೋಗಕ್ಕೂ ಸಕ್ರೆಬೈಲಿಗೂ ಈ ಉದ್ದ ಲೆನ್ಸುಗಳು ಬೇಡವೇ ಬೇಡ. ಬೆಳಿಗ್ಗೆ ತುಂಗೆಯಲ್ಲಿ ಆನೆಗಳ ಮೈ ತಿಕ್ಕುವುದನ್ನು ತೆಗೆಯಲು 310 ಗ್ರಾಮಿನ ಆರ್‌ಎಫ್-ಎಸ್ 18-150 ಮಿ.ಮೀ. ಒಂದೇ ಸಾಕು. ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ 253 ಮೀಟರ್ ಧುಮುಕುವಾಗ ಅದೇ ಲೆನ್ಸಿನ ಮುಂದೆ ಬೆಳಕನ್ನು ಆರು ಸ್ಟಾಪ್ ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿದರೆ 1/60 ಇದ್ದದ್ದು ಒಂದು ಸೆಕೆಂಡಾಗಿ ನೀರು ನೂಲಿನಂತೆ ಇಳಿಯುತ್ತದೆ. ಒದ್ದೆ ಬಂಡೆ, ಎಲೆಗಳ ಮೇಲಿನ ಬಿಳಿ ಹೊಳಪನ್ನು ತೆಗೆಯುವ ಪೋಲರೈಸರ್ ಮಲೆನಾಡಿನಲ್ಲಿ ಎನ್‌ಡಿಗಿಂತಲೂ ಹೆಚ್ಚು ಉಪಯುಕ್ತ ಎಂಬುದು ನನ್ನ ಅನಿಸಿಕೆ.

ಈ ಮೂರು ಟೆಲಿ ಲೆನ್ಸುಗಳೂ ಝೂಮ್ ಮಾಡಿದಾಗ ಮೂತಿ ಚಾಚುವ ಬಗೆಯವು. ಪ್ರತಿ ಸಲ ಚಾಚಿ ಒಳಸರಿಯುವಾಗಲೂ ಹೊರಗಿನ ತೇವದ ಗಾಳಿಯನ್ನು ಅಷ್ಟಿಷ್ಟು ಒಳಗೆಳೆದುಕೊಳ್ಳುತ್ತವೆ. ಇಲ್ಲಿ ಲೆನ್ಸುಗಳನ್ನು ಕೊಲ್ಲುವುದು ಬಿದ್ದ ಪೆಟ್ಟಿಗಿಂತ ಹೆಚ್ಚಾಗಿ ಬೂಷ್ಟು. ಕಾಡಿನಿಂದ ಬಂದ ದಿನವೇ ಒರೆಸಿ, ತೇವಾಂಶ 40ರಿಂದ 50 ಶೇಕಡಾದಲ್ಲಿ ನಿಲ್ಲುವ ಡ್ರೈ ಕ್ಯಾಬಿನೆಟ್ಟಿನಲ್ಲಿ ಇಡುವುದು ಉತ್ತಮ. ಅದನ್ನು ಕೊಳ್ಳಲಾಗದವರು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಟ್ಟು, ನೀಲಿ ಕಾಳುಗಳು ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಬಟ್ಟೆಯ ಬೀರುವಿನಲ್ಲಿ, ಕ್ಯಾಮೆರಾ ಚೀಲದ ಸಮೇತ, ಮಳೆಗಾಲವಿಡೀ ಇಟ್ಟರೆ ದೀಪಾವಳಿಯ ಹೊತ್ತಿಗೆ ಗಾಜಿನೊಳಗೆ ಜೇಡರಬಲೆಯಂಥ ಎಳೆಗಳು ಹರಡಿರುತ್ತವೆ. ಎಸಿ ಹಾಕಿಕೊಂಡು ಬಂದ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ತೆಗೆದರೆ ಗಾಜಿಗೆ ಮಂಜು ಹಿಡಿಯುವುದರಿಂದ, ತೀರ್ಥಹಳ್ಳಿ ದಾಟುತ್ತಿದ್ದಂತೆ ಎಸಿ ಆರಿಸಿ ಕಿಟಕಿ ಇಳಿಸುವುದು ಒಳ್ಳೆಯ ಅಭ್ಯಾಸ.

ಹೆಚ್ಚಾಗಿ ನಡೆದು ಅಲೆಯುವವರಿಗೆ, ಕಪ್ಪೆ-ಹಾವು-ಚಿಟ್ಟೆಗಳಲ್ಲಿ ಆಸಕ್ತಿಯಿರುವವರಿಗೆ ನಾನು ಆರ್10 ಮತ್ತು 100-400 ಜೋಡಿಯನ್ನೇ ಹೇಳುತ್ತೇನೆ. ಒಂದು ಕಡೆ ಕೂತು ಹಕ್ಕಿ ಕಾಯುವವರಿಗೆ ನಿಕಾನ್ 200-500. ಮುಂದೆ ಝಡ್ ಬಾಡಿ ಕೊಂಡರೂ, ಹಳೆಯ ಲೆನ್ಸುಗಳನ್ನು ಅದಕ್ಕೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರಿನ ಮೂಲಕ ಆಟೋಫೋಕಸ್ ಸಮೇತ ಅದನ್ನು ಬಳಸಬಹುದು. ಆರ್7ನ್ನು 100-500 ಕೊಳ್ಳುವ ಶಕ್ತಿ ಇದ್ದರಷ್ಟೇ ನೋಡಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ತೃಪ್ತರಾಗದೆ, ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಾಯಿಸಿ, ಝೂಮನ್ನು ಒಮ್ಮೆ ಪೂರ್ತಿ ಚಾಚಿ ಒಳಗಿನ ಒಂದೊಂದು ಗಾಜನ್ನೂ ಅಂಚಿನವರೆಗೆ ಪರೀಕ್ಷಿಸಿ. ದೂಳಿನ ಕಣಗಳಿದ್ದರೆ ಚಿಂತೆಯಿಲ್ಲ, ಬೂಷ್ಟಿನ ಎಳೆ ಒಂದೇ ಕಂಡರೂ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.