ಬರೆದಿರುವುದು 3.3, ಓಡುವುದು 2.9: ಜಿಯಾನ್ 2680 ವಿ4, 1650 ವಿ4 ಎರಡನ್ನೂ ಎರಡು ವರ್ಷ ಬಳಸಿದ ಮೇಲೆ

ಹಳೆಯ ಸರ್ವರ್‌ನಿಂದ ಬಿಚ್ಚಿದ ಇಂಟೆಲ್‌ನ ಜಿಯಾನ್ ಇ5-2680 ವಿ4 ಪ್ರೊಸೆಸರ್ ತಗೊಳ್ಳಲು ಹೊರಟವರಿಗೆ ಮಾರುವವರು ತೋರಿಸುವುದು ಎರಡೇ ಅಂಕಿ: 14 ಕೋರ್, 3.3 ಗಿಗಾಹರ್ಟ್ಸ್ ಟರ್ಬೊ, ಅಂದರೆ ಚಿಪ್ ತಾನಾಗಿ ಏರಬಲ್ಲ ಗರಿಷ್ಠ ವೇಗ. ಹದಿನಾಲ್ಕು ಕೋರ್ ನಿಜ. ಆದರೆ ಆ 3.3 ಅನ್ನು ಗೇಮ್ ನಡುವೆ ಕಣ್ಣಾರೆ ಕಂಡವರು ಅಪರೂಪ. ಎರಡು ವರ್ಷದಲ್ಲಿ ಈ ಚಿಪ್ ಮೇಲೆ ಬಂದ ಸಿಟ್ಟಿನ ಮುಕ್ಕಾಲು ಪಾಲು ಈ ಒಂದು ಅಂಕಿಯದೇ.

3.3 ಸಿಗುವುದು ಒಂದೋ ಎರಡೋ ಕೋರ್ ಮಾತ್ರ ಎಚ್ಚರವಿದ್ದಾಗ. ಮೂರನೆಯದು ಎದ್ದರೆ 3.1, ನಾಲ್ಕನೆಯದಕ್ಕೆ 3.0, ಐದರಿಂದ ಹದಿನಾಲ್ಕರವರೆಗೆ 2.9. ಈಗಿನ ಯಾವ ಗೇಮ್ ಎರಡು ಕೋರ್‌ನಲ್ಲಿ ಓಡುತ್ತದೆ? ಅದರ ಜೊತೆಗೆ ಡಿಸ್ಕಾರ್ಡ್, ಬ್ರೌಸರ್‌ನ ಹತ್ತು ಟ್ಯಾಬ್, ಆಂಟಿವೈರಸ್. ಐದು ಕೋರ್ ಎದ್ದೇ ಇರುತ್ತವೆ. ಹಾಗಾಗಿ ಈ ಚಿಪ್ ಕೊಳ್ಳುವವರು 2.9 ಗಿಗಾಹರ್ಟ್ಸ್ ಕೊಳ್ಳುತ್ತಿದ್ದೇವೆ ಅಂತಲೇ ಲೆಕ್ಕ ಹಾಕಬೇಕು. ಎವಿಎಕ್ಸ್2 (ಒಂದೇ ಏಟಿಗೆ ಹಲವು ಲೆಕ್ಕ ಮಾಡುವ ಆದೇಶಗಳು) ಬಳಸುವ ಎನ್‌ಕೋಡಿಂಗ್ ಹೊರೆ ಬಿದ್ದರೆ ಅದಕ್ಕಿಂತಲೂ ಕೆಳಗಿಳಿಯುತ್ತದೆ.

ಇಷ್ಟಾದರೆ ಸಹಿಸಬಹುದಿತ್ತು. ಈ ಚಿಪ್ ಕೂರುವ ಅಗ್ಗದ ಎಕ್ಸ್99 ಬೋರ್ಡ್‌ಗಳಲ್ಲಿ ಇನ್ನೊಂದು ಕಿತಾಪತಿ ಇದೆ. ಸುಮ್ಮನೆ ಕೂತ ಕೋರ್ "ಮಲಗಿದೆ" ಅಂತ ಲೆಕ್ಕಕ್ಕೆ ಬರಬೇಕಾದರೆ ಅದು ಸಿ3 ಅಥವಾ ಸಿ6 ಎಂಬ ಗಾಢ ನಿದ್ದೆಯ ಸ್ಥಿತಿಗೆ ಇಳಿಯಬೇಕು. ಸಿ1ನಲ್ಲಿ ತೂಕಡಿಸುತ್ತಿದ್ದರೆ ಟರ್ಬೊ ಲೆಕ್ಕದಲ್ಲಿ ಅದು ಎಚ್ಚರವಿರುವ ಕೋರೇ. ಬಯೋಸ್‌ನಲ್ಲಿ ಸಿ6 ಆಫ್ ಆಗಿದ್ದರೆ ಹದಿನಾಲ್ಕೂ ಕೋರ್ ಸದಾ ಎದ್ದಿರುವ ಹಾಗೆ, ನೋಟ್‌ಪ್ಯಾಡ್ ತೆರೆದರೂ 2.9. ಅನೇಕ ಬೋರ್ಡ್‌ಗಳು ಸಿ6 ಆಫ್ ಮಾಡಿಯೇ ಬರುತ್ತವೆ. ಬಯೋಸ್‌ಗೆ ಹೋಗಿ ಇಂಟೆಲ್ ಆರ್‌ಸಿ ಸೆಟಪ್, ಅದರೊಳಗೆ ಅಡ್ವಾನ್ಸ್ಡ್ ಪವರ್ ಮ್ಯಾನೇಜ್‌ಮೆಂಟ್, ಅದರೊಳಗೆ ಸಿಪಿಯು ಸಿ ಸ್ಟೇಟ್ ಕಂಟ್ರೋಲ್ ತೆರೆಯಿರಿ. ಸಿಪಿಯು ಸಿ6 ರಿಪೋರ್ಟ್ ಎನೇಬಲ್ ಮಾಡಿ, ಪ್ಯಾಕೇಜ್ ಮಿತಿಯನ್ನು ಸಿ6ಗೆ ಇಡಿ. ಪಿ ಸ್ಟೇಟ್ ಮೆನುವಿನಲ್ಲಿ ಇಐಎಸ್‌ಟಿ (ಹೊರೆಗೆ ತಕ್ಕಂತೆ ವೇಗ ಏರಿಳಿಸುವ ಸೌಲಭ್ಯ) ಮತ್ತು ಟರ್ಬೊ ಎರಡೂ ಆನ್ ಇವೆಯೇ ನೋಡಿ. ವಿಂಡೋಸ್‌ಗೆ ಬಂದು ಚಿಪ್‌ನ ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದರೆ ಒಂದು ಕೋರ್ ಆಗಾಗ 33ರ ಗುಣಕಕ್ಕೆ, ಅಂದರೆ 3.3 ಗಿಗಾಹರ್ಟ್ಸ್‌ಗೆ, ಜಿಗಿಯುವುದು ಕಾಣಬೇಕು. ಕಾಣದಿದ್ದರೆ ಸೆಟ್ಟಿಂಗ್ ಸೇವ್ ಆಗಿಲ್ಲ. ಗೇಮ್‌ನಲ್ಲಿ ಇದರಿಂದ ಪವಾಡವೇನೂ ಆಗದು, ಬ್ರೌಸರ್ ಮತ್ತು ಫೋಲ್ಡರ್ ತೆರೆಯುವಾಗಿನ ಜಡತನ ಮಾತ್ರ ಖಂಡಿತ ಹೋಗುತ್ತದೆ.

ಅದೇ ಸಾಕೆಟ್‌ಗೆ ಇ5-1650 ವಿ4 ಕೂರಿಸಿ ನೋಡಿದರೆ ಸರ್ವರ್ ಚಿಪ್‌ಗೂ ವರ್ಕ್‌ಸ್ಟೇಷನ್ ಚಿಪ್‌ಗೂ ಇರುವ ಅಂತರ ಕೈಗೆ ಸಿಗುತ್ತದೆ. ಎರಡೂ 2016ರ ಬ್ರಾಡ್‌ವೆಲ್, ಎರಡಕ್ಕೂ ನಾಲ್ಕು ಮೆಮೊರಿ ಚಾನೆಲ್, 40 ಪಿಸಿಐ ಎಕ್ಸ್‌ಪ್ರೆಸ್ ಲೇನ್. 1600 ಸರಣಿ ಒಂದೇ ಸಾಕೆಟ್‌ನ ಮೇಜಿನ ಯಂತ್ರಕ್ಕೆ. 2600 ಸರಣಿ ಎರಡು ಸಾಕೆಟ್‌ನ ರ್‍ಯಾಕ್‌ಗೆ. 1650ರಲ್ಲಿ ಬರೀ ಆರು ಕೋರ್, ಆದರೆ ಆರೂ ಒಟ್ಟಿಗೆ ದುಡಿಯುವಾಗಲೇ 3.8, ಒಂಟಿ ಕೋರ್‌ಗೆ 4.0. ಒಂದೇ ಪೀಳಿಗೆಯ ಕೋರ್ ಆದ್ದರಿಂದ 2.9ರಿಂದ 3.8ಕ್ಕೆ ಹೋದರೆ ಸಿಪಿಯು ಅಡ್ಡಗಾಲು ಹಾಕುವ ಗೇಮ್‌ಗಳಲ್ಲಿ ಲೆಕ್ಕಕ್ಕೆ 30% ಹತ್ತಿರದ ಲಾಭ. ಕೌಂಟರ್-ಸ್ಟ್ರೈಕ್ 2ರಲ್ಲಿ ಹೊಗೆ ಬಾಂಬ್ ಸಿಡಿದು ಹತ್ತೂ ಆಟಗಾರರು ಒಂದೇ ಮೂಲೆಗೆ ನುಗ್ಗಿದಾಗ 2680 ಕ್ಷಣ ತಡವರಿಸುತ್ತದೆ, 1650 ತಡವರಿಸುವುದು ಕಡಿಮೆ. 1440ಪಿಯಲ್ಲಿ ಎಲ್ಲ ಸೆಟ್ಟಿಂಗ್ ಏರಿಸಿ ಗ್ರಾಫಿಕ್ಸ್ ಕಾರ್ಡ್‌ಗೇ ಬೆವರಿಳಿಸುವ ಒಂಟಿ ಆಟಗಾರರ ಗೇಮ್‌ನಲ್ಲಿ ಎರಡಕ್ಕೂ ವ್ಯತ್ಯಾಸ ಹುಡುಕಬೇಕು.

ಬೆಲೆಯ ಕಥೆ ತಮಾಷೆಯಾಗಿದೆ. ಬಿಡುಗಡೆಯಾದಾಗ 2680 ವಿ4ಗೆ ಇಂಟೆಲ್ ಪಟ್ಟಿಯಲ್ಲಿದ್ದ ಬೆಲೆ 1745 ಡಾಲರ್, 1650 ವಿ4ಗೆ 617. ಈಗ ಸೆಕೆಂಡ್ ಹ್ಯಾಂಡ್ ಸಂತೆಯಲ್ಲಿ ಹಲವು ಸಲ 1650ಗೇ ಒಂದು ಕೈ ಹೆಚ್ಚು ಕೇಳುತ್ತಾರೆ. ಡೇಟಾ ಸೆಂಟರ್‌ಗಳು 2680ಗಳನ್ನು ಮೂಟೆಗಟ್ಟಲೆ ಎಸೆದವು, ವರ್ಕ್‌ಸ್ಟೇಷನ್‌ಗಳು ಅಷ್ಟು ಸಂಖ್ಯೆಯಲ್ಲಿ ಇರಲೇ ಇಲ್ಲ. ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವ ಹುಚ್ಚಿರುವವರು 1650 ವಿ3 ಹುಡುಕುವುದು ಮೇಲು: ಹ್ಯಾಸ್ವೆಲ್ ಪೀಳಿಗೆಯ ಆ ಚಿಪ್‌ನ ಗುಣಕಕ್ಕೆ ಬೀಗವಿಲ್ಲ, ವಿ4ಕ್ಕೆ ಇದೆ. 2680 ವಿ3ಯಂಥ ಸರ್ವರ್ ಚಿಪ್‌ಗೆ ಬಯೋಸ್‌ನಿಂದ ಮೈಕ್ರೊಕೋಡ್ (ಚಿಪ್‌ನ ಒಳಗಿನ ನಡೆಯನ್ನು ತಿದ್ದುವ ಸಣ್ಣ ಕೋಡ್) ಕಿತ್ತು ಎಲ್ಲ ಕೋರನ್ನೂ ಗರಿಷ್ಠ ಟರ್ಬೊಗೆ ಏರಿಸುವ ಜುಗಾಡ್ ಉಂಟು. ಅದೂ ವಿ4ಕ್ಕೆ ನಡೆಯದು, ಮೇಲಾಗಿ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿ ಬಂದರೆ ವಿ3ಯಲ್ಲೂ ಅಳಿಸಿಹೋಗುತ್ತದೆ. ಅದಕ್ಕೂ ಹಳೆಯ ಪೀಳಿಗೆಯ ವಿ2 ಚಿಪ್ ಪುಕ್ಕಟೆ ಕೊಟ್ಟರೂ ಬೇಡ, ಅದರಲ್ಲಿ ಎವಿಎಕ್ಸ್2 ಇಲ್ಲ. ಕೆಲವು ಹೊಸ ಗೇಮ್ ತೆರೆಯುವುದೇ ಇಲ್ಲ. ಎರಡು ಸಾಕೆಟ್‌ನ ಬೋರ್ಡ್ ಹಾಕಿದರೆ ಗೇಮ್ ಎರಡು ಪಟ್ಟು ಓಡುತ್ತದೆ ಅಂದುಕೊಳ್ಳುವವರಿಗೂ ಒಂದು ಮಾತು: ಒಂದು ಚಿಪ್‌ನ ಕೋರ್ ಇನ್ನೊಂದು ಚಿಪ್‌ನ ರ್‍ಯಾಮ್ ಮುಟ್ಟಲು ನಡುವಿನ ಸೇತುವೆ ದಾಟಬೇಕು, ಗೇಮ್‌ಗೆ ಅದು ನಷ್ಟವೇ.

ಇಷ್ಟು ಬೈದ ಮೇಲೂ ನನ್ನ ಯಂತ್ರದಲ್ಲಿ ಈಗ ಕೂತಿರುವುದು 2680ಯೇ. ಕಾರಣ ರಾತ್ರಿ ಹತ್ತರ ನಂತರದ ಕೆಲಸ. ಹದಿನಾಲ್ಕು ಕೋರ್ 2.9ರಲ್ಲಿ ಅಂದರೆ ಒಟ್ಟು 40.6, ಆರು ಕೋರ್ 3.8ರಲ್ಲಿ ಅಂದರೆ 22.8. ಬ್ಲೆಂಡರ್ ರೆಂಡರ್ ಅಥವಾ ದೊಡ್ಡ ಕೋಡ್ ಕಂಪೈಲ್ 2680ರಲ್ಲಿ ಒಂದು ಗಂಟೆ ತಗೊಂಡರೆ 1650ರಲ್ಲಿ ಒಂದೂ ಮುಕ್ಕಾಲು. ಅದಕ್ಕಿಂತ ಹೆಚ್ಚಿನ ಸುಖ ಎರಡು ಕೆಲಸ ಒಟ್ಟಿಗೆ ನಡೆಸುವುದರಲ್ಲಿದೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಎನ್‌ಕೋಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ ಅಫಿನಿಟಿ ಆರಿಸಿ, ಯಾವ ಕೋರ್‌ನಲ್ಲಿ ಓಡಬೇಕು ಅನ್ನುವ ಪಟ್ಟಿ ಅದು. ಅಲ್ಲಿ ಒಂದೊಂದು ಕೋರ್ ಎರಡೆರಡಾಗಿ ಕಾಣುತ್ತದೆ. ಸೊನ್ನೆಯಿಂದ 11ರವರೆಗಿನ ಟಿಕ್ ತೆಗೆದು 12ರಿಂದ 27 ಮಾತ್ರ ಉಳಿಸಿ, ಪ್ರಿಯಾರಿಟಿಯನ್ನು ಬಿಲೋ ನಾರ್ಮಲ್‌ಗೆ ಇಳಿಸಿ. ಎಂಟು ಕೋರ್ ವಿಡಿಯೋ ಅರೆಯುತ್ತಿರುತ್ತವೆ, ಉಳಿದ ಆರರಲ್ಲಿ ಗೇಮ್ ಏನೂ ಗೊತ್ತಿಲ್ಲದವನ ಹಾಗೆ ಓಡುತ್ತದೆ. ಗೇಮ್‌ನ ಅಫಿನಿಟಿ ಮುಟ್ಟಲು ಹೋಗಬೇಡಿ, ಆಂಟಿಚೀಟ್ ಇರುವ ಗೇಮ್‌ಗಳು "ಆಕ್ಸೆಸ್ ಡಿನೈಡ್" ಅಂತ ಮುಖಕ್ಕೆ ಬಾಗಿಲು ಹಾಕುತ್ತವೆ. 1650ರಲ್ಲಿ ಇದೇ ಪ್ರಯತ್ನ ಮಾಡಿದರೆ ಮೂರು ಕೋರ್ ಇವನಿಗೆ, ಮೂರು ಅವನಿಗೆ, ಇಬ್ಬರೂ ಅರೆಹೊಟ್ಟೆ.

ಮದುವೆ ವಿಡಿಯೋ ಎಡಿಟ್ ಮಾಡುವವರು ಮಾತ್ರ ಇದನ್ನು ನೋಡಿ ಮೋಸ ಹೋಗಬಾರದು. ಈ ಎರಡು ಚಿಪ್‌ನಲ್ಲೂ ಒಳಗಿನ ಗ್ರಾಫಿಕ್ಸ್ ಇಲ್ಲ, ಅಂದರೆ ವಿಡಿಯೋ ಬಿಡಿಸಲು ಇಂಟೆಲ್ ಒಳಗೇ ಇಡುವ ಕ್ವಿಕ್ ಸಿಂಕ್ ಇಲ್ಲ. ಈಗಿನ ಕ್ಯಾಮೆರಾಗಳ 10 ಬಿಟ್ 4:2:2 ಎಚ್.265 ಫೈಲನ್ನು ಎನ್ವಿಡಿಯಾದ 50 ಸರಣಿಗಿಂತ ಹಳೆಯ ಕಾರ್ಡ್‌ಗಳು ಬಿಡಿಸಲಾರವು. ಹೊರೆ ಪೂರ್ತಿ ಸಿಪಿಯು ಮೇಲೆ ಬಿದ್ದು ಟೈಮ್‌ಲೈನ್ ಎತ್ತಿನಗಾಡಿ ಆಗುತ್ತದೆ. ಪ್ರಾಕ್ಸಿ, ಅಂದರೆ ಹಗುರವಾದ ನಕಲು ಮಾಡಿಕೊಂಡು ಎಡಿಟ್ ಮಾಡುವ ತಾಳ್ಮೆ ಇದ್ದರೆ ಸರಿ, ಇಲ್ಲದಿದ್ದರೆ ಒಳಗೆ ಗ್ರಾಫಿಕ್ಸ್ ಇರುವ ಇತ್ತೀಚಿನ ಇಂಟೆಲ್ ಡೆಸ್ಕ್‌ಟಾಪ್ ಚಿಪ್ಪೇ ಸರಿ.

ಜೋಡಿಸುವಾಗ ಅತಿ ಹೆಚ್ಚು ಜನ ಎಡವುವುದು ರ್‍ಯಾಮ್‌ನಲ್ಲಿ. ಸರ್ವರ್‌ನ ರಿಜಿಸ್ಟರ್ಡ್ ಇಸಿಸಿ ರ್‍ಯಾಮ್‌ಗೂ ಸಾಧಾರಣ ಡಿಡಿಆರ್4ಗೂ ಅದೇ 288 ಪಿನ್, ಸ್ಲಾಟ್‌ನಲ್ಲಿ ಎರಡೂ ಕೂರುತ್ತವೆ. ಬೆರೆಸಿದರೆ ಬೂಟ್ ಆಗುವುದಿಲ್ಲ. ನಾಲ್ಕು ಕಡ್ಡಿ ಹಾಕಿದರೆ 2400ರ ವೇಗದಲ್ಲಿ ಲೆಕ್ಕದ ಪ್ರಕಾರ ಸೆಕೆಂಡಿಗೆ 76.8 ಗಿಗಾಬೈಟ್. ಎರಡೇ ಕಡ್ಡಿ ಹಾಕಿದವರು ಈ ಸಾಕೆಟ್‌ನ ಅರ್ಧ ಶಕ್ತಿಯನ್ನು ಮನೆ ಬಾಗಿಲಲ್ಲೇ ಬಿಟ್ಟ ಹಾಗೆ. ಮನೆಯಲ್ಲೇ ಭಾಷಾ ಮಾಡೆಲ್ ಓಡಿಸುವ ಆಸೆ ಇದ್ದವರೂ ಇದೇ ಅಂಕಿ ಹಿಡಿದು ಭಾಗಿಸಿ ನೋಡಿ: 40 ಗಿಗಾಬೈಟ್‌ನ ಮಾಡೆಲ್ ಆದರೆ ಸೆಕೆಂಡಿಗೆ ಎರಡು ಟೋಕನ್ (ಪದದ ತುಣುಕು) ಕೂಡ ಬರದು.

ನಾಲ್ಕು ಕಡ್ಡಿ ಹಾಕಿ ಮೂರೇ ಕಾಣಿಸಿದರೆ ಅಂಗಡಿಗೆ ಓಡಬೇಡಿ. ಹೆಚ್ಚಿನ ಸಲ ರ್‍ಯಾಮ್ ಸರಿಯಾಗಿಯೇ ಇರುತ್ತದೆ, ತಪ್ಪು ಚಿಪ್ ಕೂತ ರೀತಿಯದು. ಕೂಲರ್ ತೆಗೆದು ಎರಡು ಲಿವರ್ ಬಿಚ್ಚಿ ಚಿಪ್ ಎತ್ತಿ ಮಗುಚಿ ನೋಡಿ: ಚಿನ್ನದ ಬಣ್ಣದ ಚುಕ್ಕೆಗಳ ಮೇಲೆ ಒಂದು ಕಡೆ ಮಸುಕು ಬೆರಳ ಗುರುತೋ, ಅಂಚಿನಿಂದ ಹರಿದು ಬಂದ ಒಣಗಿದ ಪೇಸ್ಟಿನ ಬೂದು ಗೆರೆಯೋ ಇರಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ; ನಡುವೆ ಇರುವ ಎಳ್ಳಿನಷ್ಟು ಸಣ್ಣ ಕೆಪಾಸಿಟರ್‌ಗಳಿಗೆ ಉಗುರು ತಾಗಬಾರದು. ಸಾಕೆಟ್‌ನ ಪಿನ್‌ಗಳ ಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಬಾಗಿದ ಪಿನ್ ಸಾಲು ತಪ್ಪಿ ಹೊಳೆಯುತ್ತದೆ. ಕೂಲರ್‌ನ ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿ ಮಾಡಿ. ಒಂದು ಬದಿಗೆ ಒತ್ತಡ ಜಾಸ್ತಿಯಾದರೂ ಒಂದು ಚಾನೆಲ್ ಮಾಯವಾಗುತ್ತದೆ. ಕೂಲರ್ ಕೊಳ್ಳುವ ಮುಂಚೆ ರಂಧ್ರಗಳ ಅಂತರ ಅಳೆಯಿರಿ: ಚೌಕ ಸಾಕೆಟ್‌ಗೆ 80 ಬೈ 80 ಮಿಲಿಮೀಟರ್, ಸರ್ವರ್ ಬೋರ್ಡ್‌ಗಳ ಕಿರಿದಾದ ಸಾಕೆಟ್‌ಗೆ 56 ಬೈ 94. ಚಿಪ್‌ನ ತಲೆಯ ಮೇಲೆ ಎಸ್‌ಆರ್ ಎಂದು ಶುರುವಾಗುವ ಸಂಕೇತ ಇರಬೇಕು, 2680 ವಿ4ಗೆ ಅದು ಎಸ್‌ಆರ್2ಎನ್7. ಕ್ಯೂ ಎಂದು ಶುರುವಾದರೆ ಎಂಜಿನಿಯರಿಂಗ್ ಸ್ಯಾಂಪಲ್, ವಾಪಸ್ ಕೊಡಿ.

ಕರೆಂಟಿನ ಲೆಕ್ಕ ಚಿಪ್‌ನ ಬೆಲೆಗಿಂತ ಮುಖ್ಯ. 2680 ವಿ4 120 ವ್ಯಾಟ್, 1650 ವಿ4 140. ಕಡಿಮೆ ಕೋರ್‌ನದೇ ಹೆಚ್ಚು ಬಿಸಿ. ಅಗ್ಗದ ಬೋರ್ಡ್‌ನ ವಿಆರ್‌ಎಂ (ಚಿಪ್‌ಗೆ ಕರೆಂಟ್ ಹದಮಾಡಿ ಕೊಡುವ ಭಾಗ) ಮೇಲೆ ಅಂಗೈಯಗಲದ ಅಲ್ಯೂಮಿನಿಯಂ ತುಂಡು ಮಾತ್ರ ಇದ್ದರೆ ಅದರ ಮೇಲೊಂದು 80 ಮಿಲಿಮೀಟರ್ ಫ್ಯಾನ್ ಕಟ್ಟಲೇಬೇಕು. ಈಗಿನ 65 ವ್ಯಾಟ್ ಚಿಪ್‌ಗಿಂತ ಇಡೀ ಯಂತ್ರ 80 ವ್ಯಾಟ್ ಹೆಚ್ಚು ತಿನ್ನುತ್ತದೆ, ದಿನಕ್ಕೆ ಹತ್ತು ಗಂಟೆ ಓಡುತ್ತದೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 24 ಯೂನಿಟ್. ದುಡ್ಡಿನಲ್ಲಿ ಅದು ದೊಡ್ಡದಲ್ಲ. ಆದರೆ ಗೃಹಜ್ಯೋತಿಯಲ್ಲಿ 180-190ರ ಅಂಚಿನಲ್ಲಿ ಇರುವ ಮನೆ 200 ದಾಟಿದರೆ ಇಡೀ ಬಿಲ್ ಕಟ್ಟಬೇಕು, ಆಗ ಮನೆಯಲ್ಲಿ ಬೈಗುಳ ಜಿಯಾನ್‌ಗಲ್ಲ, ಅದನ್ನು ತಂದವರಿಗೆ. ಸಾಧಾರಣ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಆಸುಪಾಸು. ರೆಂಡರ್ ಮತ್ತು ಗೇಮ್ ಒಟ್ಟಿಗೆ ಇರುವಾಗ ಕರೆಂಟ್ ಹೋದರೆ ಅದು ಕೀಂ ಅಂದು ಕೈಚೆಲ್ಲುತ್ತದೆ.

ಸ್ಲೀಪ್ ಮೇಲೆ ಈ ಬೋರ್ಡ್‌ಗಳಲ್ಲಿ ಭರವಸೆ ಇಡುವಂತಿಲ್ಲವಾದ್ದರಿಂದ ಪ್ರತಿ ಬೆಳಿಗ್ಗೆ ಮೊದಲಿನಿಂದ ಬೂಟ್. ಬಟನ್ ಒತ್ತಿದರೆ ಫ್ಯಾನ್‌ಗಳು ಒಮ್ಮೆ ಬುಸುಗುಟ್ಟಿ ತಣ್ಣಗಾಗುತ್ತವೆ, ಬೋರ್ಡ್ ಮೇಲಿನ ಎರಡಂಕಿಯ ಕೆಂಪು ದೀಪ ಬದಲಾಗುತ್ತಾ ಹೋಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಹೊಸಬರು ಇಲ್ಲಿ ಗಾಬರಿಯಾಗಿ ರೀಸೆಟ್ ಒತ್ತುತ್ತಾರೆ. ಒತ್ತಬೇಡಿ, ರ್‍ಯಾಮ್ ಎಣಿಸುತ್ತಿರುತ್ತದೆ. ಕಾಫಿ ಫಿಲ್ಟರ್‌ಗೆ ಬಿಸಿನೀರು ಸುರಿದು ಬಂದರೆ ಲಾಗಿನ್ ಪರದೆ ಕಾಯುತ್ತಿರುತ್ತದೆ. ಈ ನಿಧಾನಕ್ಕೆ ಒಗ್ಗಿಹೋದ ಮೇಲೆ ಐದು ಸೆಕೆಂಡಿನಲ್ಲಿ ಏಳುವ ಲ್ಯಾಪ್‌ಟಾಪ್ ಕಂಡರೆ ಅದಕ್ಕೇನೋ ಗಡಿಬಿಡಿ ಅನಿಸುತ್ತದೆ.

ಈಗ ಹೊಸದಾಗಿ ಕೊಳ್ಳುವವರಿಗೆ ನಿಜವಾದ ಗೋಡೆ ವಿಂಡೋಸ್. 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11ರ ಅಧಿಕೃತ ಪಟ್ಟಿಯಲ್ಲಿ ಈ ಚಿಪ್‌ಗಳಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಳ್ಳಬಹುದು. ಆದರೆ 11ರಲ್ಲಿ ವ್ಯಾಲರಂಟ್‌ಗೆ ಟಿಪಿಎಂ 2.0 (ಭದ್ರತೆಯ ಕೀಲಿ ಕಾಯುವ ಚಿಪ್) ಮತ್ತು ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ) ಎರಡೂ ಬೇಕು, ಬ್ಯಾಟಲ್‌ಫೀಲ್ಡ್ 6ಕ್ಕೂ ಸೆಕ್ಯೂರ್ ಬೂಟ್ ಬೇಕು. ಅಗ್ಗದ ಬೋರ್ಡ್‌ನಲ್ಲಿ ಟಿಪಿಎಂ ಇರುವುದಿಲ್ಲ, ಸೆಕ್ಯೂರ್ ಬೂಟ್ ಇದ್ದರೂ ಹೆಸರಿಗೆ. ಇವೇ ಗೇಮ್ ಆಡುವವರು ಜಿಯಾನ್ ಹುಡುಕಾಟ ಇಲ್ಲಿಗೇ ನಿಲ್ಲಿಸಿ ರೈಜನ್ 5 5600 ಕಡೆ ತಿರುಗಿ. ಆರೇ ಕೋರ್‌ನಲ್ಲಿ ಅದು 2680ರ ಹದಿನಾಲ್ಕರ ಹತ್ತಿರ ಬಂದು ನಿಲ್ಲುತ್ತದೆ, ಗೇಮ್‌ನಲ್ಲಿ ಎರಡನ್ನೂ ಹಿಂದೆ ಹಾಕುತ್ತದೆ. ಗೇಮ್ ಜೊತೆ ಸ್ವಲ್ಪ ಕೆಲಸ ಮಾಡುವವರಿಗೆ, ಅದೂ ಹಳೆಯ ಬ್ರ್ಯಾಂಡೆಡ್ ವರ್ಕ್‌ಸ್ಟೇಷನ್ ಡಬ್ಬ ಸಮೇತ ಸಿಕ್ಕರೆ, 1650 ವಿ4 ಸಾಕು. ನಾಲ್ಕಾರು ವರ್ಚುವಲ್ ಮಷೀನ್, ರಾತ್ರಿಯಿಡೀ ರೆಂಡರ್, ಮೇಲೊಂದಿಷ್ಟು ಹಳೆಯ ಗೇಮ್ ಅನ್ನುವವರಿಗೆ 2680.

ಕೊನೆಗೆ ಆ 2.9ರ ವಿಷಯಕ್ಕೆ ಇನ್ನೊಂದು. ಸಿ6 ಆನ್ ಮಾಡಿ ತಿಂಗಳುಗಟ್ಟಲೆ ಸರಿಯಿದ್ದದ್ದು ಒಂದು ದಿನ ಮತ್ತೆ ಜಡವಾದರೆ ವಿಂಡೋಸ್ ಅಪ್‌ಡೇಟನ್ನು ಶಪಿಸುವ ಮುಂಚೆ ಗಡಿಯಾರ ನೋಡಿ. ದಿನಾಂಕ ಹಿಂದಕ್ಕೆ ಹೋಗಿದ್ದರೆ ಬೋರ್ಡ್‌ನ ಬಟನ್ ಸೆಲ್ ಸತ್ತಿದೆ. ಕರೆಂಟ್ ಹೋದಾಗ ಬಯೋಸ್ ತನ್ನ ಹಳೆಯ ಚಾಳಿಗೆ ಮರಳಿದೆ, ಸಿ6 ಮತ್ತೆ ಆಫ್. ಸಿಆರ್2032 ಎಂಬ ಆ ಸೆಲ್ ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಬರೆದಿರುವ ಮುಖ ಮೇಲೆ ಬರುವಂತೆ ಕೂರಿಸಿ, ಬಯೋಸ್‌ಗೆ ಹೋಗಿ ಮೇಲೆ ಹೇಳಿದ ಮೆನುಗಳನ್ನು ಇನ್ನೊಮ್ಮೆ ತೆರೆಯಿರಿ.